ಆಸ್ಪತ್ರೆಯಲ್ಲಿ ಯಾರು ಸಿಸ್ಟರ್, ಯಾರು ಆಯಾ ಅಂತ ಬಟ್ಟೆಯ ಬಣ್ಣ ನೋಡಿಯೇ ಗೊತ್ತಾಗಬೇಕಲ್ವಾ?

ಪೆರ್ಲದ ಮೊಮ್ಮಗಳು

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಉಂಟು, ದಯವಿಟ್ಟು ಪೂರ್ತಿ ಓದಿ ಹೇಳಿ.

ಹೋದ ತಿಂಗಳು ನಮ್ಮ ಅಜ್ಜಿ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿಯಿತು. ಮೊದಲು ಗಡಿಯ ಈಚೆಗೆ, ಕೇರಳದ ಕಾಸರಗೋಡಿನಲ್ಲಿ, ನಮ್ಮ ಕಡೆಯ ಒಂದು ಆಸ್ಪತ್ರೆಯಲ್ಲಿ ಮೂರು ದಿನ, ಆಮೇಲೆ ಆಪರೇಷನ್‌ಗೆ ಮಂಗಳೂರಿಗೆ ಕರೆದುಕೊಂಡು ಹೋದೆವು. ಮೊದಲನೇ ಆಸ್ಪತ್ರೆಯಲ್ಲಿ ಸಿಸ್ಟರ್, ಟ್ರೈನಿಂಗ್ ಮಕ್ಕಳು, ಲ್ಯಾಬಿನವರು, ನೆಲ ಒರೆಸುವವರು ಎಲ್ಲರಿಗೂ ಹೆಚ್ಚುಕಮ್ಮಿ ಒಂದೇ ತಿಳಿ ನೀಲಿ ಬಟ್ಟೆ. ಎರಡನೇ ದಿನ ನಾನು ಮದ್ದು ತರಲಿಕ್ಕೆ ಕೆಳಗೆ ಹೋಗಿದ್ದೆ. ಅಷ್ಟರಲ್ಲಿ ಡ್ರಿಪ್ಸ್ ಮುಗಿದಿದೆ. ಅಜ್ಜಿ ಪಕ್ಕದಲ್ಲಿ ಹೋಗುತ್ತಿದ್ದ ನೀಲಿ ಬಟ್ಟೆಯವರನ್ನು ಕರೆದು "ಸಿಸ್ಟರ್, ಬಾಟ್ಲಿ ಮುಗೀತು ನೋಡಿ" ಅಂದಿದ್ದಾರೆ. ಅವರು "ಇಪ್ಪೋ ವರುಂ ಅಮ್ಮಾ" ಅಂತ ಮಲಯಾಳದಲ್ಲಿ ಹೇಳಿ ಹೋದರಂತೆ. ನಾನು ಮೇಲೆ ಬಂದಾಗ ಪೈಪಿನಲ್ಲಿ ರಕ್ತ ಒಂದು ಗೇಣು ಹಿಂದಕ್ಕೆ ಏರಿತ್ತು. ಅಜ್ಜಿ ಇನ್ನೊಂದು ಕೈಯಲ್ಲಿ ಆ ಪೈಪನ್ನು ಗಟ್ಟಿಯಾಗಿ ಹಿಡಿದುಕೊಂಡು ಕೂತಿದ್ದರು, ಕೈ ನಡುಗುತ್ತಿತ್ತು. "ಸಿಸ್ಟರ್ ಬಂದು ನೋಡಿ ಹೋದರು ಮಗಾ, ಎಂತದೂ ಮಾಡ್ಲಿಲ್ಲ" ಅಂದರು. ಆಮೇಲೆ ಗೊತ್ತಾಯಿತು, ಅವರು ಸಿಸ್ಟರ್ ಅಲ್ಲ, ಕ್ಲೀನಿಂಗ್‌ನವರು.

ಕುತ್ತಿಗೆಯಲ್ಲಿ ಟ್ಯಾಗ್ ಇತ್ತು, ನಿಜ. ಆದರೆ ಇಂಗ್ಲಿಷಿನಲ್ಲಿ, ಇರುವೆ ಗಾತ್ರದ ಅಕ್ಷರ, ಅದೂ ತಿರುಗಿಕೊಂಡಿರುತ್ತದೆ. ಗೋಡೆಯ ಬೋರ್ಡುಗಳು ಮಲಯಾಳದಲ್ಲಿ. ನಮ್ಮ ಅಜ್ಜಿ ಕನ್ನಡ ಶಾಲೆಯಲ್ಲಿ ಐದನೇ ಕ್ಲಾಸು ಓದಿದವರು, ಈಗಲೂ ದಿನಾ ಪೇಪರ್ ಓದುತ್ತಾರೆ. ಆಸ್ಪತ್ರೆಯ ಒಳಗೆ ಹೋದ ಕೂಡಲೇ ಅವರು ಓದು ಬಾರದವರ ಹಾಗೆ ಆಗಿಬಿಟ್ಟರು. ನನಗೆ ಅದೇ ತುಂಬ ಬೇಜಾರಾದದ್ದು.

ಮಂಗಳೂರಿನ ಆಸ್ಪತ್ರೆಯಲ್ಲಿ ಬೇರೆ ಕ್ರಮ. ಸಿಸ್ಟರ್‌ಗಳಿಗೆ ಕಡು ನೀಲಿ, ಸ್ಟ್ರೆಚರ್ ತಳ್ಳುವ ಅಟೆಂಡರ್‌ಗಳಿಗೆ ಕಡು ಹಸಿರು, ಕ್ಲೀನಿಂಗ್‌ನವರಿಗೆ ಮರೂನ್. ಎರಡೇ ದಿನದಲ್ಲಿ ಅಜ್ಜಿ "ಪುನರ್ಪುಳಿ ಶರಬತ್ತಿನ ಬಣ್ಣದವರು ಬಂದರು, ಕಾಲು ಎತ್ತಿಕೋ, ನೆಲ ಒರೆಸ್ತಾರೆ" ಅಂತ ನನಗೇ ಹೇಳುವಷ್ಟು ಕಲಿತರು. ಸಿಸ್ಟರ್ ಮತ್ತು ಅಟೆಂಡರ್ ಮಾತ್ರ ಕೊನೆಯವರೆಗೂ ಅದಲು ಬದಲಾಗುತ್ತಿತ್ತು. ಪ್ರಾಯ ಆಯ್ತಲ್ಲ ಅಂತ ನಾನು ಬಿಟ್ಟೆ.

ಈಗ ನಮ್ಮ ಕಡೆಯ ಆ ಆಸ್ಪತ್ರೆಯಲ್ಲೂ ಕೆಲಸಕ್ಕೆ ತಕ್ಕ ಹಾಗೆ ಬಣ್ಣ ಕಡ್ಡಾಯ ಮಾಡುವ ಮಾತು ನಡೆಯುತ್ತಿದೆಯಂತೆ. ನಮ್ಮ ವಾರ್ಡ್ ಮೆಂಬರ್ "ಏನಾದರೂ ಹೇಳಲಿಕ್ಕಿದ್ದರೆ ಬರೆದು ಕೊಡಿ" ಅಂದಿದ್ದಾರೆ. ಬೇಕು ಅಂತಲೇ ನನ್ನ ಮನಸ್ಸು. ಆದರೆ ಬಟ್ಟೆಯಲ್ಲೇ ಮೇಲು ಕೀಳು ಮಾಡಿದ ಹಾಗೆ ಆಗುತ್ತದೆ ಅಂತ ನನ್ನ ತಮ್ಮನ ವಾದ. ಒಳಗೆ ಕೆಲಸ ಮಾಡುವವರು ಯಾರಾದರೂ ಇದ್ದರೆ ಹೇಳಿ, ಏನು ಬರೆಯಲಿ?

ಮಂಜೇಶ್ವರದ ಸಿಸ್ಟರ್

ನಿಮ್ಮ ಅಜ್ಜಿ ಈಗ ಹೇಗಿದ್ದಾರೆ? ನಡೆಸುತ್ತಿದ್ದೀರಾ? ವಾಕರ್ ಹಿಡಿದು ದಿನಾ ಸ್ವಲ್ಪ ಸ್ವಲ್ಪ ನಡೆಸಿ, ಬಿಡಬೇಡಿ.

ನಾನು ಹನ್ನೊಂದು ವರ್ಷದಿಂದ ಮಂಗಳೂರಿನಲ್ಲಿ ಸ್ಟಾಫ್ ನರ್ಸ್, ದಿನಾ ತಲಪಾಡಿಯ ಗಡಿ ದಾಟಿ ಹೋಗುವವಳು. ಬಣ್ಣ ಬೇಕೇ ಬೇಕು ಅಂತ ಬರೆಯಿರಿ. ಆದರೆ ಯಾವ ಬಣ್ಣ ಅನ್ನುವುದು ಇನ್ನೂ ಮುಖ್ಯ. ಅಜ್ಜಿಗೆ ಸಿಸ್ಟರ್ ಮತ್ತು ಅಟೆಂಡರ್ ಅದಲು ಬದಲಾದದ್ದು ಮರೆವಿನಿಂದ ಅಲ್ಲ ಅಂತ ನನಗನಿಸುತ್ತದೆ. ಕಣ್ಣಿನಲ್ಲಿ ಪೊರೆ ಇದೆಯಾ ನೋಡಿ. ಪ್ರಾಯ ಆದ ಹಾಗೆ ಕಣ್ಣಿನ ಲೆನ್ಸ್ ಹಳದಿಯಾಗುತ್ತದೆ, ಆಗ ನೀಲಿ ಬಣ್ಣ ಮಂಕಾಗಿ ಕಾಣುತ್ತದೆ, ಕಡು ನೀಲಿ, ಕಡು ಹಸಿರು, ಕಪ್ಪು ಎಲ್ಲ ಒಂದೇ ಥರ. ಇನ್ನು ಗಂಡಸರಲ್ಲಿ ಕೆಲವರಿಗೆ ಹುಟ್ಟಿನಿಂದಲೇ ಕೆಂಪು ಹಸಿರಿನ ವ್ಯತ್ಯಾಸ ತಿಳಿಯುವುದಿಲ್ಲ. ಆದ್ದರಿಂದ ಒಂದು ಕಡು, ಒಂದು ತಿಳಿ ಹೀಗೆ ಆರಿಸಬೇಕು. ಆಫೀಸಿನಲ್ಲಿ ಕೂತು ಬಟ್ಟೆಯ ತುಂಡು ನೋಡಿ ಚಂದ ಉಂಟು ಅಂತ ತೀರ್ಮಾನ ಮಾಡಿದರೆ ಸಾಲದು.

ಬಣ್ಣಕ್ಕೆ ಕಾರಣ ಇರಬೇಕು ಮಾರಾಯ್ರೇ. ಆಪರೇಷನ್ ಥಿಯೇಟರಿನ ಹಸಿರನ್ನೇ ನೋಡಿ. ಮೊದಲು ಅಲ್ಲೂ ಬಿಳಿಯೇ ಇತ್ತು. 1914ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಹ್ಯಾರಿ ಶೆರ್ಮನ್ ಎಂಬ ಸರ್ಜನ್ ಬಿಳಿಯಿಂದ ಕಣ್ಣು ಕುಕ್ಕುತ್ತದೆ ಅಂತ ಪಾಲಕ್ ಸೊಪ್ಪಿನ ಹಸಿರು ಬಳಸಲು ಶುರು ಮಾಡಿದರು. ತುಂಬ ಹೊತ್ತು ರಕ್ತ ನೋಡಿ ಕಣ್ಣು ಬಿಳಿಯ ಕಡೆ ತಿರುಗಿಸಿದರೆ ಹಸಿರು ಛಾಯೆ ಕಾಣುತ್ತದೆ, ಬಟ್ಟೆಯೇ ಹಸಿರಾದರೆ ಅದು ತೊಂದರೆ ಕೊಡುವುದಿಲ್ಲ.

ಇನ್ನೊಂದು ವಿಷಯ ಯಾರೂ ಯೋಚಿಸುವುದಿಲ್ಲ. ನಾನು ಮೊದಲು ಇದ್ದ ಕಡೆ ವರ್ಷಕ್ಕೆ ಎರಡೇ ಜೊತೆ ಕೊಡುತ್ತಿದ್ದರು, ಒಗೆಯುವುದು ಮನೆಯಲ್ಲಿ. ಆಟಿ ತಿಂಗಳ ಮಳೆಯಲ್ಲಿ ಪ್ಯಾಂಟು ಎಲ್ಲಿ ಒಣಗುತ್ತದೆ ಹೇಳಿ? ಅಡುಗೆ ಒಲೆಯ ಮೇಲೆ ಹಗ್ಗ ಕಟ್ಟಿ ಒಣಗಿಸಿದ್ದೇನೆ. ಒಣಗದ ದಿನ ಹಳೇ ಬಣ್ಣದ್ದು ಹಾಕಿಕೊಂಡು ಹೋಗುವುದು, ಅಲ್ಲಿಗೆ ನಿಯಮ ಮುಗಿಯಿತು. ಕಡಿಮೆ ಎಂದರೆ ನಾಲ್ಕು ಜೊತೆ ಕೊಡಬೇಕು, ಆಸ್ಪತ್ರೆಯಲ್ಲೇ ಒಗೆಸಿದರೆ ಇನ್ನೂ ಒಳ್ಳೆಯದು, ರೋಗಿಗಳ ಕಫ, ರಕ್ತ ತಾಗಿದ ಬಟ್ಟೆಯನ್ನು ನಮ್ಮ ಮಕ್ಕಳ ಬಟ್ಟೆಯ ಜೊತೆ ಒಗೆಯುವುದು ತಪ್ಪುತ್ತದೆ. ಇದನ್ನು ಖಂಡಿತ ಬರೆಯಿರಿ.

ಬದಿಯಡ್ಕದವ

ನನ್ನ ಅಮ್ಮ ಹದಿನಾಲ್ಕು ವರ್ಷದಿಂದ ಆಸ್ಪತ್ರೆಯಲ್ಲಿ ಕ್ಲೀನಿಂಗ್ ಕೆಲಸ ಮಾಡುತ್ತಾರೆ. ಹಾಗಾಗಿ ಪೆರ್ಲದ ಅಕ್ಕ ಬರೆದದ್ದನ್ನು ಅವರಿಗೆ ಓದಿ ಹೇಳಿದೆ.

ಅಮ್ಮ ಮೊದಲು ಹೇಳಿದ ಮಾತು, "ಇಪ್ಪೋ ವರುಂ ಅಂದರೆ ನಾನು ಬರ್ತೇನೆ ಅಂತ ಅಲ್ಲ, ಸಿಸ್ಟರ್ ಈಗ ಬರ್ತಾರೆ ಅಂತ." ಆ ಹೆಂಗಸು ಹೋಗಿ ಸಿಸ್ಟರ್‌ಗೆ ಹೇಳಿರಬಹುದು, ಅಲ್ಲಿ ಇದ್ದ ಸಿಸ್ಟರ್ ಒಬ್ಬರೇ ಆಗಿದ್ದಿರಬಹುದು. ಡ್ರಿಪ್ಸ್ ಮುಟ್ಟಲಿಕ್ಕೆ ಕ್ಲೀನಿಂಗ್‌ನವರಿಗೆ ಅನುಮತಿ ಇಲ್ಲ, ಮುಟ್ಟಿದರೆ ಕೆಲಸ ಹೋಗುತ್ತದೆ. ಎಲ್ಲರಿಗೂ ಒಂದೇ ಬಣ್ಣ ಇದ್ದಾಗ ಅಮ್ಮ ದಿನಾ ಬೈಗುಳ ತಿನ್ನುತ್ತಿದ್ದರು, "ಸಿಸ್ಟರ್ ಆಗಿ ಇಷ್ಟೂ ಗೊತ್ತಿಲ್ವಾ" ಅಂತ. ಬೇರೆ ಬಣ್ಣ ಬಂದ ಮೇಲೆ ಅದು ನಿಂತಿತು.

ಆದರೆ ನಿಮ್ಮ ತಮ್ಮ ಹೇಳಿದ್ದೂ ಸುಳ್ಳಲ್ಲ. ಬಣ್ಣ ಬದಲಾದ ವಾರವೇ ಒಬ್ಬರು ಬೆಡ್ಡಿನ ಪಕ್ಕದ ನೀರಿನ ಬಾಟ್ಲಿ ಎತ್ತಿಕೊಡಲು ಹೋದ ಅಮ್ಮನಿಗೆ "ನೀನು ಮುಟ್ಬೇಡ" ಅಂದರು. ಅವತ್ತು ಅಮ್ಮ ಮನೆಗೆ ಬಂದು ಊಟ ಮಾಡಲಿಲ್ಲ. ನನಗೆ ಈಗಲೂ ನೆನಪಾದರೆ ಹೊಟ್ಟೆ ಉರಿಯುತ್ತದೆ. ಅದಕ್ಕೆ ಬಣ್ಣ ಯಾವುದಾದರೂ ಇರಲಿ, ಬಟ್ಟೆ ಒಂದೇ ಥರದ್ದು, ಒಂದೇ ಹೊಲಿಗೆಯದ್ದು ಇರಬೇಕು. ಸಿಸ್ಟರ್‌ಗೆ ಒಳ್ಳೆಯ ಕಾಟನ್, ಅಮ್ಮನಿಗೆ ಬೆವರು ಹೀರದ ಸಿಂಥೆಟಿಕ್ ಕೊಟ್ಟರೆ ಮೇಲು ಕೀಳು ಆಗುವುದು ಅಲ್ಲಿ.

ಅಮ್ಮನಿಗೆ ಕಸದ ಬಕೆಟ್ಟಿನ ಬಣ್ಣ ಬಾಯಿಪಾಠ. ಹಳದಿಗೆ ಗಾಯದ ಹತ್ತಿ, ಬ್ಯಾಂಡೇಜು. ಕೆಂಪಿಗೆ ಡ್ರಿಪ್ಸ್ ಪೈಪು. ಬಿಳಿ ಡಬ್ಬಿಗೆ ಸೂಜಿ, ನೀಲಿಗೆ ಗಾಜು. 2016ರ ಕೇಂದ್ರದ ನಿಯಮ, ಕಾಸರಗೋಡಿನಲ್ಲೂ ಅದೇ, ಮಂಗಳೂರಿನಲ್ಲೂ ಅದೇ. ಕಸಕ್ಕೆ ದೇಶಕ್ಕೆಲ್ಲ ಒಂದೇ ಬಣ್ಣ ಮಾಡಲಿಕ್ಕೆ ಆಗುತ್ತದೆ, ಕೆಲಸ ಮಾಡುವ ಮನುಷ್ಯರಿಗೆ ಯಾಕೆ ಆಗುವುದಿಲ್ಲ? ಅಮ್ಮನ ಬಟ್ಟೆಯ ಬಣ್ಣ ಕಾಂಟ್ರಾಕ್ಟರ್ ಬದಲಾದಾಗಲೆಲ್ಲ ಬದಲಾಗುತ್ತದೆ, ಇಷ್ಟರಲ್ಲೇ ಮೂರು ಸಲ ಆಯಿತು.

ದೂರದ ಮುಳ್ಳೇರಿಯ

ಬದಿಯಡ್ಕದ ತಮ್ಮಾ, ನಿನ್ನ ಅಮ್ಮನಿಗೆ ನನ್ನ ನಮಸ್ಕಾರ ಹೇಳು.

ನಾನು ವೇಲ್ಸ್‌ನಲ್ಲಿ ನರ್ಸ್. ನೀನು ಕೇಳಿದ್ದು ಇಲ್ಲಿ ಮಾಡಿದ್ದಾರೆ. 2010ರಿಂದ ಇಡೀ ವೇಲ್ಸ್‌ನ ಸರಕಾರಿ ಆಸ್ಪತ್ರೆಗಳಿಗೆ ಒಂದೇ ಬಣ್ಣದ ಕ್ರಮ. ವಾರ್ಡ್ ಸಿಸ್ಟರ್‌ಗೆ, ಅಂದರೆ ವಾರ್ಡಿನ ಮುಖ್ಯ ನರ್ಸ್‌ಗೆ, ಕಡು ನೀಲಿ, ಸ್ಟಾಫ್ ನರ್ಸ್‌ಗೆ ಅದಕ್ಕಿಂತ ತಿಳಿ ನೀಲಿ, ಸಹಾಯಕರಿಗೆ ಹಸಿರು. ನಮ್ಮಲ್ಲಿ ಆಸ್ಪತ್ರೆ ರಾಜ್ಯದ ವಿಷಯ, ಕೇರಳ, ಕರ್ನಾಟಕ ಎರಡೂ ಸರಕಾರ ಒಪ್ಪಬೇಕು, ಬೇಗ ಆಗುವ ಮಾತಲ್ಲ. ಜಿಲ್ಲೆಯ ಮಟ್ಟದಲ್ಲಾದರೂ ಶುರು ಮಾಡಬಹುದಲ್ವಾ?

ಆದರೆ ಬಣ್ಣ ಒಂದನ್ನೇ ನಂಬಬೇಡಿ. ಇಂಗ್ಲೆಂಡಿನಲ್ಲಿ ಕೇಟ್ ಗ್ರೇಂಜರ್ ಅಂತ ಒಬ್ಬರು ಡಾಕ್ಟರ್ ಇದ್ದರು. ಅವರಿಗೇ ಕ್ಯಾನ್ಸರ್ ಆಗಿ ಹಾಸಿಗೆ ಹಿಡಿದಾಗ, ನೋಡಲು ಬಂದವರು ಹೆಸರು ಕೂಡ ಹೇಳುವುದಿಲ್ಲ ಅಂತ ನೊಂದುಕೊಂಡು 2013ರಲ್ಲಿ "ಹಲೋ, ಮೈ ನೇಮ್ ಈಸ್" ಅನ್ನುವ ಅಭಿಯಾನ ಶುರು ಮಾಡಿದರು. 2016ರಲ್ಲಿ ತೀರಿಕೊಂಡರು. ನಾವು ಇವತ್ತಿಗೂ ಬೆಡ್ಡಿನ ಹತ್ತಿರ ಹೋದ ಕೂಡಲೇ ಹೆಸರು, ಕೆಲಸ ಹೇಳುತ್ತೇವೆ. "ಅಜ್ಜೀ, ನಾನು ಸಿಸ್ಟರ್, ಡ್ರಿಪ್ಸ್ ನೋಡಲಿಕ್ಕೆ ಬಂದೆ" ಅಂತ ಕನ್ನಡದಲ್ಲಿ ಹೇಳಲಿಕ್ಕೆ ಖರ್ಚು ಎಂತದೂ ಇಲ್ಲ. ಯಾವ ಬಣ್ಣ ಯಾರದ್ದು ಅನ್ನುವ ಬೋರ್ಡಿನಲ್ಲಿ ಕನ್ನಡ ಇರಲೇಬೇಕು ಅಂತಲೂ ಬರೆಯಿರಿ, ನಮ್ಮದು ಭಾಷಾ ಅಲ್ಪಸಂಖ್ಯಾತರ ಪ್ರದೇಶ, ಧೈರ್ಯವಾಗಿ ಕೇಳಿ.

ಪೆರ್ಲದ ಮೊಮ್ಮಗಳು

ಎಲ್ಲರಿಗೂ ತುಂಬ ಥ್ಯಾಂಕ್ಸ್. ಬದಿಯಡ್ಕದವರೇ, ಆ ಹೆಂಗಸಿನ ಮೇಲೆ ಇಷ್ಟು ದಿನ ನನಗೆ ಸಿಟ್ಟಿತ್ತು. ಅವರು ಹೋಗಿ ಹೇಳಿರಬಹುದು ಅಂತ ಯೋಚನೆಯೇ ಬರಲಿಲ್ಲ. ಮುಂದಿನ ವಾರ ಎಕ್ಸ್‌ರೇಗೆ ಆ ಮೊದಲನೇ ಆಸ್ಪತ್ರೆಗೇ ಹೋಗಲಿಕ್ಕುಂಟು, ಹುಡುಕಿ ಮಾತಾಡಿಸುತ್ತೇನೆ.

ಸಿಸ್ಟರ್, ನೀವು ಹೇಳಿದ ಹಾಗೆ ನಿನ್ನೆ ಸಂಜೆ ಕಪಾಟಿನಿಂದ ಆರು ರವಿಕೆ ಕಣ ತೆಗೆದು ಅಜ್ಜಿಯ ಮಂಚದ ಮೇಲೆ ಹರಡಿ ಒಂದೊಂದೇ ಕೇಳಿದೆ. ಮರೂನ್, ತಿಳಿ ನೀಲಿ, ಹಳದಿ, ಬಿಳಿ ಸರಿಯಾಗಿ ಹೇಳಿದರು. ಕಡು ನೀಲಿ ಮತ್ತು ಕಡು ಹಸಿರು ಎರಡನ್ನೂ ಕೈಯಲ್ಲಿ ಹಿಡಿದು ಕಿಟಕಿಯ ಬೆಳಕಿಗೆ ತಿರುಗಿಸಿ ನೋಡಿ "ಎರಡೂ ಕಪ್ಪಲ್ವಾ ಮಗಾ" ಅಂದರು. ಕಣ್ಣಿನ ಡಾಕ್ಟರಿಗೆ ಶುಕ್ರವಾರ ಟೋಕನ್ ತೆಗೆದಿದ್ದೇನೆ. ಮೆಂಬರಿಗೆ ಕೊಡುವ ಕಾಗದದಲ್ಲಿ ಇದನ್ನೇ ಮೊದಲು ಬರೆದೆ, ಆಮೇಲೆ ನಾಲ್ಕು ಜೊತೆ ಬಟ್ಟೆ, ಎಲ್ಲರಿಗೂ ಒಂದೇ ಕಾಟನ್, ಕನ್ನಡ ಬೋರ್ಡು. ಅಜ್ಜಿಯೂ ಕೆಳಗೆ ಸಹಿ ಹಾಕಿದ್ದಾರೆ.