ನಿದ್ರಾಸ್ಥಿತಿಯಿಂದ ಎದ್ದಾಗ ಕರ್ನಲ್ ಪ್ಯಾನಿಕ್: ತಪ್ಪು ಗ್ರಾಫಿಕ್ಸ್ ಡ್ರೈವರ್‌ನದೋ, ಯಂತ್ರದ್ದೋ? ಅನುಭವ ಇರುವವರು ತಿಳಿಸಿ

ಹೊಸಕರ್ನಲ್ (ಪ್ರಶ್ನೆ):
ಲಿನಕ್ಸ್ ಇರುವ ಲ್ಯಾಪ್‌ಟಾಪ್. ಪ್ರತ್ಯೇಕ ಗ್ರಾಫಿಕ್ಸ್ ಚಿಪ್ ಇದೆ. ಅದಕ್ಕೆ ತಯಾರಕರೇ ಕೊಡುವ ಮುಚ್ಚಿದ (ಮೂಲಸಂಕೇತ ತೋರಿಸದ) ಡ್ರೈವರ್ ಹಾಕಿದ್ದೇನೆ. ಕರ್ನಲ್ (ವ್ಯವಸ್ಥೆಯ ತಿರುಳು) ಹೊಸ ಆವೃತ್ತಿಗೆ ಏರಿದ ಮೇಲೆ, ಮುಚ್ಚಳ ಮುಚ್ಚಿ ತೆರೆದರೆ ಪರದೆ ಕಪ್ಪಾಗಿಯೇ ಉಳಿಯುತ್ತದೆ, ಕ್ಯಾಪ್ಸ್ ಲಾಕ್ ದೀಪ ಮಿನುಗುತ್ತದೆ. ಅಂದರೆ ಪ್ಯಾನಿಕ್: ಸರಿಪಡಿಸಲಾಗದ ದೋಷ ಕಂಡು ಕರ್ನಲ್ ನಿಂತುಬಿಡುವುದು. ಪವರ್ ಗುಂಡಿ ಒತ್ತಿ ಹಿಡಿಯದೆ ಬೇರೆ ದಾರಿಯಿಲ್ಲ. ಪ್ರತಿ ಸಲ ಹೀಗಾಗುವುದಿಲ್ಲ, ಅದೇ ತೊಂದರೆ. ಒಮ್ಮೆ ಪಿಸ್ಟೋರ್‌ನಲ್ಲಿ (ಯಂತ್ರ ಬಿದ್ದರೂ ಲಾಗ್ ಉಳಿಯುವ ಜಾಗ) ಲಾಗ್ ಸಿಕ್ಕಿತು: ನಲ್ ಪಾಯಿಂಟರ್ ಡಿರೆಫರೆನ್ಸ್ (ಖಾಲಿ ವಿಳಾಸವನ್ನು ಬಳಸಲು ಹೋದದ್ದು), ಕಾಲ್ ಟ್ರೇಸ್‌ನ (ಬೀಳುವಾಗ ನಡೆಯುತ್ತಿದ್ದ ಫಂಕ್ಷನ್‌ಗಳ ಪಟ್ಟಿ) ಮೇಲಿನ ಸಾಲಿನಲ್ಲಿ ಗ್ರಾಫಿಕ್ಸ್ ಮಾಡ್ಯೂಲ್‌ನ (ಕರ್ನಲ್‌ಗೆ ಸೇರಿಸುವ ಡ್ರೈವರ್ ತುಣುಕು) ಹೆಸರು. ಟೇಂಟ್ ಸಂಖ್ಯೆ (ಕರ್ನಲ್‌ಗೆ ಎಂಥ ಮಾಡ್ಯೂಲ್ ಸೇರಿದೆ ಎಂಬಂಥ ಗುರುತುಗಳ ಮೊತ್ತ) 12289 ಎಂದು ತೋರಿಸುತ್ತದೆ. ಹಳೆಯ ಕರ್ನಲ್‌ಗೆ ಹಿಂದಿರುಗಲೇ, ಮುಕ್ತ ಡ್ರೈವರ್‌ಗೆ ಹೋಗಲೇ, ಯಂತ್ರವನ್ನೇ ದುರಸ್ತಿಗೆ ಕೊಡಲೇ?

ರೆಂಡರ್‌ಕೋಣೆ:
ಹಳೆಯ ಕರ್ನಲ್‌ಗೆ ಹಿಂದಿರುಗಿ, ಅಲ್ಲೇ ಇರಿ. ನಾನು ಹಾಗೆಯೇ ಮಾಡಿದ್ದೇನೆ, ಯಾರು ಏನೇ ಹೇಳಲಿ ಬದಲಿಸುವುದಿಲ್ಲ. ನನ್ನದು ವಿಡಿಯೋ ಸಂಕಲನದ ಕೆಲಸ. ರಾತ್ರಿಯಿಡೀ ರೆಂಡರ್ ಆಗುತ್ತಿದ್ದ ಸಾಕ್ಷ್ಯಚಿತ್ರವೊಂದು ಬೆಳಗಿನ ಜಾವ ಪ್ಯಾನಿಕ್ ಆಗಿ ನಿಂತಿತು. ರೆಂಡರ್ ಹೋದರೆ ಮತ್ತೆ ಮಾಡಬಹುದು. ಆದರೆ ಅದೇ ಹೊತ್ತಿಗೆ ಸಂಕಲನ ತಂತ್ರಾಂಶ ತನ್ನ ಪ್ರಾಜೆಕ್ಟ್ ಕಡತವನ್ನು ಬರೆಯುತ್ತಿತ್ತು. ಮರಳಿ ತೆರೆದಾಗ ಕಡತದ ಹೆಸರಿದೆ, ಗಾತ್ರ ಸೊನ್ನೆ. ಫೈಲ್ ಸಿಸ್ಟಮ್‌ನ ಜರ್ನಲ್ ಹೆಸರನ್ನು ಮಾತ್ರ ಕಾಪಾಡಿತ್ತು, ಒಳಗಿನ ದತ್ತಾಂಶ ಡಿಸ್ಕಿಗೆ ಇಳಿದೇ ಇರಲಿಲ್ಲ. ಬಣ್ಣ ತಿದ್ದಿದ್ದು, ಧ್ವನಿಯ ಮಟ್ಟ ಹೊಂದಿಸಿದ್ದು, ಉಪಶೀರ್ಷಿಕೆಗಳ ಸಮಯ ಕೂರಿಸಿದ್ದು ಎಲ್ಲವೂ ಹೋಯಿತು. ಹಳೆಯ ಪ್ರತಿಯೊಂದು ಬೇರೆ ಡಿಸ್ಕಿನಲ್ಲಿತ್ತು, ಆದರೆ ಅದು ಬಣ್ಣದ ಕೆಲಸ ಶುರುವಾಗುವ ಮೊದಲಿನದು. ಒಪ್ಪಿಕೊಂಡ ತಾರೀಖು ತಪ್ಪಿತು, ಆ ಗಿರಾಕಿ ಮತ್ತೆ ನನ್ನ ಬಳಿಗೆ ಬರಲಿಲ್ಲ.

ಕಾರಣ ಹುಡುಕಿದರೆ, ಕರ್ನಲ್ ತಾನಾಗಿಯೇ ಅಪ್‌ಡೇಟ್ ಆಗಿತ್ತು. ಡಿಕೆಎಂಎಸ್ ಎಂಬ ತಂತ್ರಾಂಶ ಹೊಸ ಕರ್ನಲ್‌ಗೆ ಮಾಡ್ಯೂಲನ್ನು ಮತ್ತೆ ಕಟ್ಟಿತ್ತು, ದೋಷವಿಲ್ಲದೆ ಕಂಪೈಲ್ ಕೂಡ ಆಗಿತ್ತು. ಕಂಪೈಲ್ ಆದ ಮಾತ್ರಕ್ಕೆ ಸರಿಯಾಗಿ ನಡೆಯುತ್ತದೆ ಎಂದೇನಿಲ್ಲ. ಅಂದಿನಿಂದ ದೀರ್ಘಾವಧಿ ಬೆಂಬಲದ ಕರ್ನಲ್ ಹಾಕಿ, ಕರ್ನಲ್ ಮತ್ತು ಡ್ರೈವರ್ ಎರಡೂ ಪ್ಯಾಕೇಜುಗಳನ್ನು ಬೀಗ ಹಾಕಿ ಇಟ್ಟಿದ್ದೇನೆ. ಒಂದು ಸಲವೂ ಬಿದ್ದಿಲ್ಲ.

ರಾತ್ರಿಪಾಳಿ:
ಬೀಗ ಹಾಕುವುದು ದೋಷ ಪರಿಹಾರವಲ್ಲ, ದೋಷವನ್ನು ಮುಚ್ಚಿಡುವುದು. ದೀರ್ಘಾವಧಿ ಕರ್ನಲ್ ಎಂದರೆ ಅದಕ್ಕೆ ಬರುವ ಸಣ್ಣ ಅಪ್‌ಡೇಟುಗಳನ್ನು ಹಾಕಿಕೊಳ್ಳುತ್ತಿರಬೇಕು. 6.6 ಅಥವಾ 6.12 ಸರಣಿಯಲ್ಲಿದ್ದೂ ಅದರ ಮೊದಲ ಆವೃತ್ತಿಗೇ ಅಂಟಿಕೊಂಡರೆ ನಂತರ ಬಂದ ಭದ್ರತಾ ತಿದ್ದುಪಡಿಗಳಲ್ಲಿ ಒಂದೂ ನಿಮ್ಮ ಯಂತ್ರದಲ್ಲಿರುವುದಿಲ್ಲ.

ಇನ್ನೊಂದು ಮಾತು. ಟ್ರೇಸ್‌ನ ಮೇಲಿನ ಸಾಲಿನಲ್ಲಿ ಯಾರ ಹೆಸರಿದೆಯೋ ಅವರೇ ಅಪರಾಧಿ ಎಂದು ತೀರ್ಮಾನಿಸಬೇಡಿ. ನಾನು ಸರ್ವರ್‌ಗಳನ್ನು ನೋಡಿಕೊಳ್ಳುವವನು. ನಮ್ಮಲ್ಲಿ ಒಂದು ಯಂತ್ರ ಹೊರೆ ಹೆಚ್ಚಿದಾಗಲೆಲ್ಲ ಬೀಳುತ್ತಿತ್ತು, ಟ್ರೇಸ್ ಸದಾ ನೆಟ್‌ವರ್ಕ್ ಕಾರ್ಡಿನ ಡ್ರೈವರನ್ನೇ ತೋರಿಸುತ್ತಿತ್ತು. ನೆಟ್‌ವರ್ಕ್ ಮೂಲಕ ಲಾಗ್ ಹೊರಗೆ ಕಳುಹಿಸಲು ನೆಟ್‌ಕನ್ಸೋಲ್ ಹಾಕಿದೆವು. ಬೀಳುವುದೇ ನೆಟ್‌ವರ್ಕ್ ಡ್ರೈವರ್‌ನೊಳಗೆ ಆದ್ದರಿಂದ ಅರ್ಧ ಸಾಲಿಗೇ ಲಾಗ್ ನಿಲ್ಲುತ್ತಿತ್ತು. ಸೀರಿಯಲ್ ಕನ್ಸೋಲ್ (ನೇರ ತಂತಿಯಲ್ಲಿ ಲಾಗ್ ಕಳುಹಿಸುವ ದಾರಿ) ಹಾಕಿದ ಮೇಲೆ ಪೂರ್ತಿ ಟ್ರೇಸ್ ಸಿಕ್ಕಿತು, ಮೆಮೊರಿಯ ಚಿತ್ರ ಸಿಗಲಿಲ್ಲ. ಬಿದ್ದ ಕ್ಷಣದ ಮೆಮೊರಿಯನ್ನು ಕಡತಕ್ಕೆ ಉಳಿಸುವ ಕೆಡಂಪ್ ಚಾಲೂ ಮಾಡಿದೆವು. ಅದಕ್ಕೆಂದು ಕಾಯ್ದಿರಿಸಿದ ಮೆಮೊರಿ ಸಾಲದೆ, ಡಂಪ್ ತೆಗೆಯಲು ಏಳಬೇಕಾದ ಎರಡನೆಯ ಕರ್ನಲ್ಲೇ ಮೆಮೊರಿ ಇಲ್ಲದೆ ಸತ್ತಿತು. ಮೆಮೊರಿ ಹೆಚ್ಚಿಸಿದೆವು, ಡಂಪ್ ಬಂತು. ಓದಲು ಹೋದರೆ ನಮ್ಮ ಕರ್ನಲ್‌ನ ಅದೇ ಬಿಲ್ಡ್‌ನ ಡೀಬಗ್ ಮಾಹಿತಿ ಬೇಕು, ಅದನ್ನು ಭಂಡಾರದಿಂದ ತೆಗೆದುಹಾಕಿದ್ದರು. ಕರ್ನಲ್ ಬದಲಿಸಿ ಮತ್ತೆ ಬೀಳುವುದಕ್ಕೆ ಕಾದು ಕುಳಿತೆವು. ಅಷ್ಟೂ ದಿನ ಗ್ರಾಹಕರಿಂದ ಬೈಗುಳ ತಿಂದವರು ನಾವು, ಡ್ರೈವರ್ ಬರೆದವರಲ್ಲ.

ಕೊನೆಗೆ ಕರ್ನಲ್‌ನ ಮೆಮೊರಿ ಹಂಚಿಕೆಯನ್ನು ಪರೀಕ್ಷಿಸುವ ಸ್ಲಬ್ ಡೀಬಗ್ ಆಯ್ಕೆ ಹಾಕಿ ಬೂಟ್ ಮಾಡಿದೆವು. ಬಿಡುಗಡೆಯಾದ ಮೆಮೊರಿಯ ತುಂಬ ಅದು 6ಬಿ ಎಂಬ ಬೈಟನ್ನು ತುಂಬುತ್ತದೆ. ಮುಂದಿನ ಪ್ಯಾನಿಕ್‌ನಲ್ಲಿ ರಿಜಿಸ್ಟರ್‌ನ ತುಂಬ 6ಬಿ6ಬಿ6ಬಿ6ಬಿ. ಯಾರೋ ಬಿಟ್ಟುಕೊಟ್ಟ ಮೆಮೊರಿಯನ್ನು ಮತ್ತೆ ಮುಟ್ಟುತ್ತಿದ್ದಾರೆ ಎಂಬುದು ಆಗ ಕಣ್ಣಿಗೆ ಕಂಡಿತು. ಮುಟ್ಟುತ್ತಿದ್ದುದು ನೆಟ್‌ವರ್ಕ್ ಡ್ರೈವರ್ ಅಲ್ಲ, ಹೊರಗಿನಿಂದ ತಂದು ಹಾಕಿದ್ದ ಶೇಖರಣಾ ಮಾಡ್ಯೂಲ್. ಒಬ್ಬರು ಹಾಳು ಮಾಡಿದ ಮೆಮೊರಿಯ ಮೇಲೆ ಇನ್ನೊಬ್ಬರು ಕಾಲಿಟ್ಟು ಬೀಳುತ್ತಿದ್ದರು. ಅದಕ್ಕೇ ಹೇಳುತ್ತೇನೆ, ಕರ್ನಲ್ ಮರದ (ಕರ್ನಲ್‌ನ ಅಧಿಕೃತ ಮೂಲಸಂಕೇತದ) ಹೊರಗಿನ ಮಾಡ್ಯೂಲುಗಳನ್ನು ಯಂತ್ರಕ್ಕೆ ಸೇರಿಸಲೇಬೇಡಿ.

ಬೆಸುಗೆಕಡ್ಡಿ:
ಇಬ್ಬರೂ ತಂತ್ರಾಂಶದಲ್ಲೇ ಮುಳುಗಿದ್ದೀರಿ. ನನಗೂ ಎಲ್ಲರೂ ಡ್ರೈವರ್ ಎಂದರು, ಕಾಲ್ ಟ್ರೇಸ್ ಕೂಡ ಡ್ರೈವರ್ ಎಂದಿತು. ನಿಜವಾದ ಅಪರಾಧಿ ಒಂದು ಕೇಬಲ್.

ನನ್ನದು ಮೇಜಿನ ಯಂತ್ರ. ಗ್ರಾಫಿಕ್ಸ್ ಕಾರ್ಡನ್ನು ನೆಟ್ಟಗೆ ನಿಲ್ಲಿಸಲು ಪಿಸಿಐ ಎಕ್ಸ್‌ಪ್ರೆಸ್ (ಕಾರ್ಡನ್ನು ಮದರ್‌ಬೋರ್ಡಿಗೆ ಜೋಡಿಸುವ ದಾರಿ) ರೈಸರ್ ಕೇಬಲ್ ಹಾಕಿದ್ದೆ. ಪ್ಯಾನಿಕ್ ಶುರುವಾದಾಗ ಮೊದಲು ಮೆಮೊರಿ ಪಟ್ಟಿಗಳ ಮೇಲೆ ಅನುಮಾನ. ಮೆಮ್‌ಟೆಸ್ಟ್ ರಾತ್ರಿಯಿಡೀ ಓಡಿ ಒಂದು ದೋಷವನ್ನೂ ತೋರಿಸಲಿಲ್ಲ. ಆದರೂ ಪಟ್ಟಿಗಳನ್ನು ಬದಲಿಸಿದೆ, ತೆರೆದ ಪೊಟ್ಟಣವನ್ನು ಮಾರಿದವರು ಹಿಂದಕ್ಕೆ ಪಡೆಯಲಿಲ್ಲ. ಆಮೇಲೆ ವಿದ್ಯುತ್ ಸರಬರಾಜಿನ ಪೆಟ್ಟಿಗೆ ಬದಲಿಸಿದೆ. ಅದರ ಕನೆಕ್ಟರ್‌ಗಳು ಬೇರೆ ತರಹ, ಹಳೆಯ ತಂತಿಗಳನ್ನು ಬಳಸುವಂತಿಲ್ಲ, ಯಂತ್ರದ ಹೊಟ್ಟೆಯೆಲ್ಲ ಬಿಚ್ಚಿ ಮತ್ತೆ ತಂತಿ ಎಳೆದೆ. ಮತ್ತೆ ಪ್ಯಾನಿಕ್. ಕಾರ್ಡನ್ನೇ ವಾರಂಟಿಗೆ ಕಳುಹಿಸಿದೆ. ಅವರು ಪರೀಕ್ಷಿಸಿ, ದೋಷವಿಲ್ಲ ಎಂದು ಚೀಟಿ ಅಂಟಿಸಿ ಹಿಂದಕ್ಕೆ ಕಳುಹಿಸಿದರು. ಹೋಗಿ ಬರುವ ಸಾಗಣೆಯ ಖರ್ಚೂ ನನ್ನದೇ.

ಕರ್ನಲ್ ಲಾಗ್ ಅನ್ನು ಮೊದಲಿನಿಂದ ಓದಿದಾಗ ಪ್ಯಾನಿಕ್‌ಗೆ ಗಂಟೆಗಟ್ಟಲೆ ಮೊದಲೇ ಎಇಆರ್ (ಪಿಸಿಐ ಎಕ್ಸ್‌ಪ್ರೆಸ್‌ನ ದೋಷ ವರದಿ) ಸಂದೇಶಗಳು ಸಾಲುಗಟ್ಟಿದ್ದವು. ತಿದ್ದಲಾದ ದೋಷ, ತಿದ್ದಲಾದ ದೋಷ, ಎಲ್ಲವೂ ಆ ಒಂದೇ ಸ್ಲಾಟ್‌ನಿಂದ. ರೈಸರ್ ಕೇಬಲ್ ಮೂರನೆಯ ಪೀಳಿಗೆಯದು, ಸ್ಲಾಟ್ ಮತ್ತು ಕಾರ್ಡ್ ನಾಲ್ಕನೆಯ ಪೀಳಿಗೆಯ ವೇಗದಲ್ಲಿ ಮಾತನಾಡುತ್ತಿದ್ದವು. ಬಯಾಸ್‌ನಲ್ಲಿ ಸ್ಲಾಟನ್ನು ಮೂರನೆಯ ಪೀಳಿಗೆಗೆ ಇಳಿಸಿದೆ, ಎಲ್ಲ ಶಾಂತವಾಯಿತು. ಡ್ರೈವರ್ ಬದಲಿಸಲಿಲ್ಲ, ಕರ್ನಲ್ ಬದಲಿಸಲಿಲ್ಲ. ಆದ್ದರಿಂದ ಪ್ರಶ್ನೆ ಕೇಳಿದವರೇ, ಯಂತ್ರವನ್ನು ನೋಡಿ.

ರೆಂಡರ್‌ಕೋಣೆ:
ಅವರದು ಲ್ಯಾಪ್‌ಟಾಪ್ ಸ್ವಾಮಿ, ಅದರಲ್ಲಿ ರೈಸರ್ ಕೇಬಲ್ ಎಲ್ಲಿಂದ ಬರಬೇಕು?

ಬೆಸುಗೆಕಡ್ಡಿ:
ಲ್ಯಾಪ್‌ಟಾಪ್‌ನಲ್ಲೂ ಚಿಪ್ ಕುಳಿತಿರುವುದು ಪಿಸಿಐ ಎಕ್ಸ್‌ಪ್ರೆಸ್ ದಾರಿಯಲ್ಲೇ. ನಿದ್ರಾಸ್ಥಿತಿಯಿಂದ ಎದ್ದಾಗ ಆ ಸಂಪರ್ಕ ಮತ್ತೆ ಕುದುರಬೇಕು. ಕುದುರದಿದ್ದರೆ ಡ್ರೈವರ್ ಓದಿದಲ್ಲೆಲ್ಲ ಎಲ್ಲ ಬಿಟ್‌ಗಳೂ 1 ಆಗಿಯೇ ಬರುತ್ತವೆ, ಅದನ್ನು ಪರಿಶೀಲಿಸದ ಡ್ರೈವರ್ ಕೆಟ್ಟ ವಿಳಾಸಕ್ಕೆ ಹೋಗಿ ಬೀಳುತ್ತದೆ. ಕೇಬಲ್ ಕೇವಲ ನನ್ನ ಉದಾಹರಣೆ.

ಮಾಡ್ಯೂಲ್‌ಬರಹಗಾರ:
ರಾತ್ರಿಪಾಳಿಯವರ ಕೊನೆಯ ವಾಕ್ಯಕ್ಕೆ ಉತ್ತರಿಸದೆ ಇರಲಾರೆ. ಮರದ ಹೊರಗಿನ ಮಾಡ್ಯೂಲ್ ಎಂದ ಕೂಡಲೇ ಕಳ್ಳನನ್ನು ಕಂಡಂತೆ ನೋಡುವ ಈ ಚಾಳಿ ನನಗೆ ಸಾಕಾಗಿದೆ. ಅಳತೆಯ ಉಪಕರಣವೊಂದಕ್ಕೆ ನಾನು ಡ್ರೈವರ್ ಬರೆದು, ಮೂಲಸಂಕೇತ ಪೂರ್ತಿ ತೆರೆದಿಟ್ಟು ನೋಡಿಕೊಳ್ಳುತ್ತಿದ್ದೇನೆ. ಬಳಸುವವರು ಕಡಿಮೆ ಎಂದು ಅದು ಮುಖ್ಯ ಮರಕ್ಕೆ ಸೇರಲಿಲ್ಲ. ಕರ್ನಲ್‌ನ ಒಳಗಿನ ಎಪಿಐಗಳು (ಡ್ರೈವರ್‌ಗಳು ಕರೆಯುವ ಫಂಕ್ಷನ್‌ಗಳು) ಸ್ಥಿರವಾಗಿರುವುದಿಲ್ಲ ಎಂಬುದು ಕರ್ನಲ್‌ನವರ ಘೋಷಿತ ನೀತಿ. ಮರದೊಳಗಿನ ಡ್ರೈವರ್‌ಗಳನ್ನು ಎಪಿಐ ಬದಲಿಸಿದವರೇ ತಿದ್ದುತ್ತಾರೆ. ನನ್ನದನ್ನು ನಾನೇ ತಿದ್ದಬೇಕು. ಫಂಕ್ಷನ್‌ಗೆ ಒಂದು ಆರ್ಗ್ಯುಮೆಂಟ್ ಹೆಚ್ಚಾದರೆ ಕಂಪೈಲರ್ ಹೇಳುತ್ತದೆ, ಸರಿ. ಹೆಸರು ಅದೇ ಇದ್ದು ಲಾಕ್ ಹಿಡಿಯುವ ಹೊಣೆ ಮಾತ್ರ ಬದಲಾದರೆ ಕಂಪೈಲರ್ ಮೌನ. ಬಳಕೆದಾರರ ಯಂತ್ರದಲ್ಲಿ ಪ್ಯಾನಿಕ್ ಆದಾಗಲೇ ನನಗೆ ತಿಳಿಯುವುದು. ಎಷ್ಟು ರಜೆಗಳು ಇದರಲ್ಲೇ ಕಳೆದವು ಎಂಬುದು ನನ್ನ ಮನೆಯವರಿಗೆ ಗೊತ್ತು.

12289 ಎಂಬುದನ್ನು ಬಿಡಿಸಿ ನೋಡಿ: ಮುಚ್ಚಿದ ಪರವಾನಗಿಗೆ 1, ಮರದ ಹೊರಗಿನ ಮಾಡ್ಯೂಲ್‌ಗೆ 4096, ಸಹಿ ಇಲ್ಲದ ಮಾಡ್ಯೂಲ್‌ಗೆ 8192. ನನ್ನ ಡ್ರೈವರ್‌ನಲ್ಲಿ ಮೊದಲನೆಯದಿಲ್ಲ. ಆದರೂ ಮುಖ್ಯ ಕರ್ನಲ್‌ನದೇ ಯುಎಸ್‌ಬಿ ದೋಷವೊಂದನ್ನು ವರದಿ ಮಾಡಿದಾಗ, ಟೇಂಟ್ ಇದೆ, ಮಾಡ್ಯೂಲ್ ತೆಗೆದು ಮತ್ತೆ ಬನ್ನಿ ಎಂದರು ಕರ್ನಲ್‌ನವರು. ಮಾಡ್ಯೂಲ್ ತೆಗೆದರೆ ಉಪಕರಣವೇ ಓಡುವುದಿಲ್ಲ, ಉಪಕರಣ ಓಡದೆ ದೋಷ ಕಾಣುವುದಿಲ್ಲ.

ರಾತ್ರಿಪಾಳಿ:
ನಿಮ್ಮ ಶ್ರಮವನ್ನು ನಾನು ಅಲ್ಲಗಳೆದಿಲ್ಲ. ಆದರೆ ಅವರ ಮಾತಿನಲ್ಲಿ ತಪ್ಪೇನಿದೆ? ಹೊರಗಿನ ಮಾಡ್ಯೂಲ್ ಕರ್ನಲ್‌ನ ಯಾವ ಮೆಮೊರಿಯ ಮೇಲೆ ಬೇಕಾದರೂ ಬರೆಯಬಹುದು. ಅದು ಒಳಗಿರುವಾಗ ಯಾವ ಟ್ರೇಸನ್ನು ನಂಬಬೇಕು? ಶೇಖರಣಾ ಮಾಡ್ಯೂಲ್ ನನ್ನಿಂದ ಕಿತ್ತುಕೊಂಡ ರಾತ್ರಿಗಳನ್ನು ನಾನು ಮರೆಯುವುದಿಲ್ಲ.

ಮಾಡ್ಯೂಲ್‌ಬರಹಗಾರ:
ಮರದೊಳಗಿನ ಡ್ರೈವರ್ ಬರೆಯಲಾರದೇ? ಅದಕ್ಕೂ ಅದೇ ಹಕ್ಕಿದೆ. ಲಿನಕ್ಸ್ ಮೂಲಸಂಕೇತವನ್ನು ಯಂತ್ರದಿಂದ ಪರಿಶೀಲಿಸಿದ 2001ರ ಸಂಶೋಧನೆಯಲ್ಲಿ, ಡ್ರೈವರ್‌ಗಳ ದೋಷದ ಪ್ರಮಾಣ ಕರ್ನಲ್‌ನ ಉಳಿದ ಭಾಗಕ್ಕಿಂತ ಮೂರರಿಂದ ಏಳು ಪಟ್ಟು ಹೆಚ್ಚು ಎಂದು ಕಂಡಿತು. ಅವು ಮರದೊಳಗೇ ಇದ್ದ ಡ್ರೈವರ್‌ಗಳು. ಒಳಗಿದ್ದರೆ ಪವಿತ್ರ, ಹೊರಗಿದ್ದರೆ ಮೈಲಿಗೆ ಎಂಬ ಲೆಕ್ಕ ಬೇಡ.

ನೀಲಿಪರದೆ:
ವಿಂಡೋಸ್‌ನಲ್ಲಿ ವಿಸ್ಟಾದಿಂದಲೇ ಗ್ರಾಫಿಕ್ಸ್ ಡ್ರೈವರ್‌ನ ದೊಡ್ಡ ಭಾಗ ಯೂಸರ್ ಮೋಡ್‌ಗೆ (ಕರ್ನಲ್‌ನ ಹೊರಗೆ) ಹೋಯಿತು. ಚಿಪ್ ಎರಡು ಸೆಕೆಂಡ್ ಉತ್ತರಿಸದಿದ್ದರೆ ವ್ಯವಸ್ಥೆಯೇ ಅದನ್ನು ರೀಸೆಟ್ ಮಾಡುತ್ತದೆ. ಪರದೆ ಒಂದು ಕ್ಷಣ ಕಪ್ಪಾಗಿ ಮರಳುತ್ತದೆ, ಕೆಲಸ ಮುಂದುವರಿಯುತ್ತದೆ. ಅದೂ ಆಗದಿದ್ದರೆ ಮಾತ್ರ ನೀಲಿ ಪರದೆ, ಸ್ಟಾಪ್ ಕೋಡ್ 116. ನನಗೆ ಬಂದದ್ದು ಸ್ಟಾಪ್ ಕೋಡ್ ಡಿ1, ಕಾರಣ ಧ್ವನಿ ಸಾಧನದ ಡ್ರೈವರ್. ಡ್ರೈವರ್‌ಗಳನ್ನು ಪರೀಕ್ಷಿಸುವ ಡ್ರೈವರ್ ವೆರಿಫೈಯರ್ ಹಾಕಿದ ತಕ್ಷಣ ಯಂತ್ರ ಬೂಟ್ ಆಗುವಾಗಲೇ ಬೀಳತೊಡಗಿತು, ಸೇಫ್ ಮೋಡ್‌ಗೆ ಹೋಗಿ ಅದನ್ನು ರೀಸೆಟ್ ಮಾಡಬೇಕಾಯಿತು. ಆದರೆ ಮಿನಿಡಂಪ್ (ಬಿದ್ದಾಗಿನ ಚಿಕ್ಕ ದಾಖಲೆ) ಬೆರಳು ತೋರಿಸಿತು, ಡ್ರೈವರ್ ಕಿತ್ತೆ, ಮುಗಿಯಿತು. ನಾನು ಲಿನಕ್ಸ್ ಬಿಟ್ಟು ಬಂದದ್ದು ಇದಕ್ಕೇ.

ರಾತ್ರಿಪಾಳಿ:
2024ರ ಜುಲೈ 19 ಮರೆತುಹೋಯಿತೇ? ಕ್ರೌಡ್‌ಸ್ಟ್ರೈಕ್‌ನ ಕರ್ನಲ್ ಡ್ರೈವರ್ ಒಂದು ಕೆಟ್ಟ ಕಡತ ಓದಿ, ಮೈಕ್ರೋಸಾಫ್ಟ್‌ನದೇ ಅಂದಾಜಿನಂತೆ 85 ಲಕ್ಷ ವಿಂಡೋಸ್ ಯಂತ್ರಗಳು ಬಿದ್ದವು. ಡಿಸ್ಕ್ ಬೀಗ ಹಾಕಿದ್ದ ಕಡೆ ರಿಕವರಿ ಕೀ ಹುಡುಕಿ, ಒಂದೊಂದೇ ಯಂತ್ರದ ಮುಂದೆ ಕುಳಿತು ಕಡತ ಅಳಿಸಿದರು. ನನ್ನ ಸ್ನೇಹಿತರು ಆ ವಾರ ಮನೆಗೇ ಹೋಗಲಿಲ್ಲ.

ನೀಲಿಪರದೆ:
ಅದು ಯಂತ್ರಾಂಶದ ಡ್ರೈವರ್ ಅಲ್ಲ, ಭದ್ರತಾ ತಂತ್ರಾಂಶ. ವಿಷಯ ತಿರುಚಬೇಡಿ.

ಮಾಡ್ಯೂಲ್‌ಬರಹಗಾರ:
ಕರ್ನಲ್‌ನೊಳಗೆ ಓಡುವುದೆಲ್ಲ ಒಂದೇ. 1992ರಲ್ಲಿ ಮಿನಿಕ್ಸ್ ಬರೆದ ಟನೆನ್‌ಬಾಮ್ ಅವರು ಲಿನಕ್ಸ್ ಬರೆದ ಟೊರ್ವಾಲ್ಡ್ಸ್ ಅವರೊಂದಿಗೆ ವಾದಿಸಿದ್ದೂ ಇದನ್ನೇ: ಕರ್ನಲ್ ಚಿಕ್ಕದಾಗಿರಲಿ (ಮೈಕ್ರೋಕರ್ನಲ್), ಡ್ರೈವರ್‌ಗಳು ಹೊರಗಿರಲಿ. ಮಿನಿಕ್ಸ್ 3ರಲ್ಲಿ ಡ್ರೈವರ್ ಒಂದು ಸಾಧಾರಣ ಪ್ರಕ್ರಿಯೆ. ಸತ್ತರೆ ಮತ್ತೆ ಎಬ್ಬಿಸುತ್ತಾರೆ.

ರಾತ್ರಿಪಾಳಿ:
ಎಬ್ಬಿಸಿದ ಮಾತ್ರಕ್ಕೆ ಅರ್ಧ ಪ್ರೋಗ್ರಾಂ ಆಗಿದ್ದ ಚಿಪ್ ಸರಿಯಾಗುತ್ತದೆಯೇ? ಐಒಎಂಎಂಯು (ಸಾಧನಗಳು ಮುಟ್ಟುವ ಮೆಮೊರಿಗೆ ಗಡಿ ಹಾಕುವ ಘಟಕ) ಇಲ್ಲದಿದ್ದರೆ ಡಿಎಂಎ (ಸಾಧನ ನೇರವಾಗಿ ಮೆಮೊರಿಗೆ ಬರೆಯುವುದು) ಎಲ್ಲಿಗೆ ಬೇಕಾದರೂ ಬರೆಯುತ್ತದೆ, ನಿಮ್ಮ ಮೈಕ್ರೋಕರ್ನಲ್‌ನ ಮೇಲೂ.

ಹೊಸಕರ್ನಲ್:
ಎಲ್ಲರಿಗೂ ಧನ್ಯವಾದ. ನನ್ನ ಲ್ಯಾಪ್‌ಟಾಪ್ ವಿಷಯಕ್ಕೆ ಬರಬಹುದೇ? ಲಾಗ್‌ನಲ್ಲಿ ಎಇಆರ್ ಸಂದೇಶ ಒಂದೂ ಇಲ್ಲ. ಪ್ಯಾನಿಕ್ ಆಗುವುದು ನಿದ್ರೆಗೆ ಹೋಗುವಾಗಲೋ ಏಳುವಾಗಲೋ ಎಂಬುದೇ ನನಗೆ ಸ್ಪಷ್ಟವಿಲ್ಲ.

ರಾತ್ರಿಪಾಳಿ:
ನಿದ್ರೆಗೆ ಹೋಗುವುದನ್ನು ಹಂತ ಹಂತವಾಗಿ ಪರೀಕ್ಷಿಸುವ ಕರ್ನಲ್‌ನ ಪಿಎಂ ಟೆಸ್ಟ್ ಬಳಸಿ. ಮೊದಲು ಫ್ರೀಜರ್ ಹಂತ, ಅದು ದಾಟಿದರೆ ಡಿವೈಸಸ್, ಆಮೇಲೆ ಪ್ಲಾಟ್‌ಫಾರ್ಮ್. ಡಿವೈಸಸ್ ಹಂತದಲ್ಲೇ ಬಿದ್ದರೆ ಯಾವುದೋ ಡ್ರೈವರ್‌ನದೇ ಕೆಲಸ. ಬೂಟ್ ಸಾಲಿನಲ್ಲಿ ನೋ ಕನ್ಸೋಲ್ ಸಸ್ಪೆಂಡ್ ಸೇರಿಸಿದರೆ ಕೊನೆಯವರೆಗೂ ಸಂದೇಶ ಬರುತ್ತದೆ. ಎಲ್ಲಿ ಬಿತ್ತೆಂದು ಗುರುತಿಸುವ ಪಿಎಂ ಟ್ರೇಸ್ ಕೂಡ ಇದೆ, ಆದರೆ ಅದು ಗುರುತನ್ನು ಯಂತ್ರದ ಗಡಿಯಾರದಲ್ಲಿ ಬರೆಯುತ್ತದೆ. ಮರಳಿ ಬೂಟ್ ಆದಾಗ ದಿನಾಂಕ ಎಲ್ಲಿಗೋ ಹೋಗಿರುತ್ತದೆ, ಗಾಬರಿಯಾಗಬೇಡಿ.

ಮಾಡ್ಯೂಲ್‌ಬರಹಗಾರ:
ಚಿಪ್ ಯಾರದು ಎಂದು ನೀವು ಹೇಳಿಲ್ಲ. ಎನ್‌ವಿಡಿಯಾ 2022ರ ಮೇ ತಿಂಗಳಲ್ಲಿ ಕರ್ನಲ್ ಮಾಡ್ಯೂಲ್‌ಗಳ ಮೂಲಸಂಕೇತ ತೆರೆದಿಟ್ಟಿತು, ಟ್ಯೂರಿಂಗ್ ಮತ್ತು ನಂತರದ ಪೀಳಿಗೆಗಳಿಗೆ ಮಾತ್ರ. ನಿಮ್ಮದು ಆ ಸಾಲಿನದಾದರೆ ಅದನ್ನು ಹಾಕಿ ನೋಡಿ. ಟೇಂಟ್‌ನಲ್ಲಿ 1 ಹೋಗುತ್ತದೆ, 4096 ಉಳಿಯುತ್ತದೆ. ಅಂದರೆ ರಾತ್ರಿಪಾಳಿಯವರ ಲೆಕ್ಕದಲ್ಲಿ ಆಗಲೂ ನೀವು ಹೊರಗಿನವರೇ.

ರೆಂಡರ್‌ಕೋಣೆ:
ಕೆಲಸ ಮಾಡುತ್ತಿದ್ದ ಹಳೆಯ ಕರ್ನಲ್ ಬೂಟ್ ಪಟ್ಟಿಯಲ್ಲಿ ಇನ್ನೂ ಇರುವಾಗ ಇದೆಲ್ಲ ಏಕೆ? ಅದನ್ನು ಆರಿಸಿ ಕೆಲಸ ಮಾಡಿಕೊಳ್ಳಿ. ಅದರಲ್ಲೂ ಬಿದ್ದರೆ ಆಗ ಯಂತ್ರವನ್ನು ಬಿಚ್ಚಿ.

ಬೆಸುಗೆಕಡ್ಡಿ:
ಹಳೆಯದರಲ್ಲಿ ಬೀಳದಿದ್ದರೂ ಯಂತ್ರ ಸರಿ ಇದೆ ಎಂದಾಗುವುದಿಲ್ಲ. ಹೊಸ ಕರ್ನಲ್ ವಿದ್ಯುತ್ ಉಳಿಸಲು ಪಿಸಿಐ ಸಂಪರ್ಕವನ್ನು ಹೆಚ್ಚು ಆಳದ ನಿದ್ರೆಗೆ ಕಳುಹಿಸುತ್ತಿರಬಹುದು. ಎಎಸ್‌ಪಿಎಂ (ಆ ಸಂಪರ್ಕದ ವಿದ್ಯುತ್ ಉಳಿತಾಯದ ವ್ಯವಸ್ಥೆ) ಆಫ್ ಮಾಡಿ ಹೊಸದರಲ್ಲೇ ಒಮ್ಮೆ ಬೂಟ್ ಮಾಡಲಿ, ಆಮೇಲೆ ಮಾತನಾಡೋಣ.

ರಾತ್ರಿಪಾಳಿ:
ಅದು ಸರಿಹೋದರೂ ದೋಷ ಡ್ರೈವರ್‌ನದೇ ಆಗಿರಬಹುದು. ಎಚ್ಚರಗೊಂಡ ಸಾಧನದ ಉತ್ತರವನ್ನು ಪರಿಶೀಲಿಸದೆ ಪಾಯಿಂಟರ್ ಹಿಡಿದದ್ದು ಯಾರು?

ಬೆಸುಗೆಕಡ್ಡಿ:
ಉತ್ತರ ಕೊಡದ ಸಾಧನ ಯಾರದು ಎಂದು ಮೊದಲು ಹೇಳಿ.