ಎಫ್‌ಎನ್‌ಎಸಿಯಲ್ಲಿ ಅನುಮಾನ ಅಂತ ಬಂದಿದೆ, ಬೆಳಕಿನ ಪರೀಕ್ಷೆಗೆ ಕಾಯಬಹುದಾ?

ಪ್ರಶ್ನೆ (ಮಂಡ್ಯದಿಂದ): ನಮಸ್ತೆ ಮೇಡಂ. ನಮ್ಮ ಅತ್ತಿಗೆಗೆ 46 ವರ್ಷ. ಎದೆಯಲ್ಲಿ ಗಂಟು ಇದೆ. ಎಫ್‌ಎನ್‌ಎಸಿ (ತೆಳು ಸೂಜಿಯಿಂದ ಕೋಶ ತೆಗೆದು ನೋಡುವ ಪರೀಕ್ಷೆ) ಮಾಡಿಸಿದೆವು. ‘ಅಟಿಪಿಕಲ್ ಸೆಲ್ಸ್, ಬಯಾಪ್ಸಿ ಮಾಡಿಸಿ’ ಅಂತ ರಿಪೋರ್ಟ್ ಬಂತು. ಮತ್ತೆ ಸೂಜಿ ಅಂದರೆ ಅತ್ತಿಗೆ ಒಪ್ಪುತ್ತಿಲ್ಲ. ಜೀವಕೋಶಕ್ಕೆ ಬಣ್ಣ ಹಾಕಿ, ಬೆಳಕು ಬಿಟ್ಟು ಕ್ಯಾನ್ಸರ್ ಪತ್ತೆ ಮಾಡುತ್ತಾರೆ ಅಂತ ಓದಿದೆ. ಅದಕ್ಕೆ ಕಾಯಬಹುದಾ?

ಉತ್ತರ (ಪೆಥಾಲಜಿಸ್ಟ್, ಮೈಸೂರು): ದಯವಿಟ್ಟು ಕಾಯಬೇಡಿ. ಅಟಿಪಿಕಲ್ ಅಂದರೆ ಕೋಶಗಳು ಸಹಜವಾಗಿ ಕಾಣುತ್ತಿಲ್ಲ ಅಂತ ಅಷ್ಟೇ, ಕ್ಯಾನ್ಸರ್ ಅಂತಲ್ಲ. ಆದರೆ ಅಲ್ಲ ಅಂತ ಖಚಿತವಾಗಿ ಹೇಳುವುದಕ್ಕೂ ಆಗುತ್ತಿಲ್ಲ.

ಎಫ್‌ಎನ್‌ಎಸಿ ಸ್ಲೈಡಿನಲ್ಲಿ ನಮಗೆ ಸಿಗುವುದು ಬಿಡಿ ಕೋಶಗಳು, ಸಣ್ಣ ಗುಂಪುಗಳು. ನ್ಯೂಕ್ಲಿಯಸ್ ದಪ್ಪ ಇದೆಯಾ, ಅದರ ಅಂಚು ಸೊಟ್ಟಗಿದೆಯಾ, ಕೋಶಗಳು ಅಂಟಿಕೊಂಡಿವೆಯಾ, ಚೆದುರಿವೆಯಾ ಎಂದು ನೋಡುತ್ತೇವೆ. ಫೈಬ್ರೋಅಡಿನೋಮಾದಂಥ ಸಾಧಾರಣ ಗಂಟಿನಲ್ಲೂ ನ್ಯೂಕ್ಲಿಯಸ್ ಕೆಲವೊಮ್ಮೆ ದಪ್ಪಗೆ ಕಾಣುತ್ತದೆ. ಲೋಬ್ಯುಲರ್ ಎಂಬ ಬಗೆಯ ಸ್ತನ ಕ್ಯಾನ್ಸರಿನ ಕೋಶಗಳೋ ಎಷ್ಟೋ ಸಲ ಚಿಕ್ಕದಾಗಿ, ಸಾಧುವಾಗಿ ಕಾಣುತ್ತವೆ. ಇಂಥಲ್ಲಿ ಇಬ್ಬರು ಡಾಕ್ಟರರ ಅಭಿಪ್ರಾಯ ಬೇರೆಯಾಗುವುದೂ ಉಂಟು. ಅನುಮಾನವಿದ್ದಾಗ ಅನುಮಾನ ಅಂತಲೇ ಬರೆದವರು ಸರಿಯಾದ ಕೆಲಸ ಮಾಡಿದ್ದಾರೆ.

ನೀವು ಓದಿದ ವಿಧಾನ ಇಲ್ಲೇ ನೆರವಿಗೆ ಬರುವಂಥದ್ದು. ಕೋಶಗಳಿಗೆ ಮೆಥಿಲೀನ್ ಬ್ಲೂ ಎಂಬ ನೀಲಿ ಬಣ್ಣ ಹಾಕಿ, ಒಂದೇ ದಿಕ್ಕಿನಲ್ಲಿ ಕಂಪಿಸುವ ಕೆಂಪು ಬೆಳಕು ಬಿಡುತ್ತಾರೆ. ಆಗ ಬಣ್ಣ ತಾನೂ ಬೆಳಕು ಸೂಸುತ್ತದೆ. ಬಣ್ಣದ ಅಣು ಕೋಶದೊಳಗೆ ಬಿಗಿಯಾಗಿ ಕೂತಿದ್ದರೆ ಆ ಬೆಳಕು ಬಹುಪಾಲು ಅದೇ ದಿಕ್ಕನ್ನು ಉಳಿಸಿಕೊಳ್ಳುತ್ತದೆ. ಸಡಿಲವಾಗಿ ತಿರುಗುತ್ತಿದ್ದರೆ ದಿಕ್ಕು ಕಲಸಿಹೋಗುತ್ತದೆ. ಕ್ಯಾನ್ಸರ್ ಕೋಶಗಳಲ್ಲಿ ಹೀಗೆ ದಿಕ್ಕು ಉಳಿಯುವುದು (ಪೋಲರೈಸೇಶನ್) ಜಾಸ್ತಿ ಎಂದು ಸಂಶೋಧಕರು ಕಂಡಿದ್ದಾರೆ. ನಾವು ‘ಸ್ವಲ್ಪ ದಪ್ಪ’ ಎನ್ನುವ ಕಡೆ ಇದು ಒಂದೊಂದು ಕೋಶಕ್ಕೂ ಅಂಕಿ ಕೊಡುತ್ತದೆ. ನನಗಂತೂ ಇದರ ಮೇಲೆ ತುಂಬಾ ಭರವಸೆ ಇದೆ. ಆದರೆ ಇದು ಸಂಶೋಧನೆಯ ಹಂತದ್ದು. ಇದನ್ನು ನಂಬಿ ಚಿಕಿತ್ಸೆ ಶುರು ಮಾಡುವಂತಿಲ್ಲ.

ಅಲ್ಲದೆ, ಕ್ಯಾನ್ಸರ್ ಹಾಲಿನ ನಾಳದ ಗೋಡೆ ದಾಟಿದೆಯಾ ಅನ್ನುವುದು ಬಿಡಿ ಕೋಶ ನೋಡಿದರೆ ತಿಳಿಯುವುದಿಲ್ಲ. ಗಂಟಿನ ತುಂಡೇ ಬೇಕು, ಅದಕ್ಕೇ ಬಯಾಪ್ಸಿ.

ಪ್ರಶ್ನೆ: ಸೂಜಿ ಚುಚ್ಚಿದರೆ ಕ್ಯಾನ್ಸರ್ ಹರಡುತ್ತೆ ಅಂತಾರಲ್ಲ ಮೇಡಂ, ಅತ್ತಿಗೆಗೆ ಅದೇ ಭಯ.

ಉತ್ತರ: ಸೂಜಿಯ ದಾರಿಯಲ್ಲಿ ಕ್ಯಾನ್ಸರ್ ಬೆಳೆಯುವುದು ತೀರಾ ಅಪರೂಪ ಅಂತ ಅವರಿಗೆ ಹೇಳಿ. ಗಂಟನ್ನು ಹಾಗೇ ಬಿಡುವುದೇ ಹೆಚ್ಚು ಅಪಾಯ. ಕೋರ್ ಬಯಾಪ್ಸಿಗೆ (ದಪ್ಪ ಸೂಜಿಯಿಂದ ಗಂಟಿನ ಸಣ್ಣ ತುಂಡು ತೆಗೆಯುವುದು) ಆ ಜಾಗಕ್ಕಷ್ಟೇ ಮರಗಟ್ಟುವ ಇಂಜೆಕ್ಷನ್ ಕೊಡುತ್ತಾರೆ, ಸಾಮಾನ್ಯವಾಗಿ ಅವತ್ತೇ ಮನೆಗೆ ಬರಬಹುದು. ಮಂಡ್ಯದ ಮಿಮ್ಸ್ ಅಥವಾ ಇಲ್ಲಿನ ಕೆ.ಆರ್. ಆಸ್ಪತ್ರೆಯ ಸರ್ಜರಿ ವಿಭಾಗದಲ್ಲಿ ವಿಚಾರಿಸಿ. ರಿಪೋರ್ಟ್ ಜೊತೆ ಹಳೇ ಸ್ಲೈಡನ್ನೂ ಕೇಳಿ ತೆಗೆದುಕೊಂಡು ಹೋಗಿ. ಬಯಾಪ್ಸಿ ಡಬ್ಬಿಯನ್ನು ನಿಮ್ಮ ಕೈಗೇ ಕೊಟ್ಟು ಲ್ಯಾಬಿಗೆ ಕಳಿಸಿದರೆ, ತುಂಡು ಫಾರ್ಮಲಿನ್‌ನಲ್ಲಿ (ಅದು ಕೆಡದಂತೆ ಕಾಯುವ ದ್ರವ) ಪೂರ್ತಿ ಮುಳುಗಿದೆಯಾ ನೋಡಿ, ಅವತ್ತೇ ತಲುಪಿಸಿ. 72 ಗಂಟೆ ಮೀರಿ ಅದರಲ್ಲೇ ಇದ್ದರೆ ಇಆರ್, ಪಿಆರ್ (ಹಾರ್ಮೋನ್ ಗ್ರಾಹಕಗಳು), ಹರ್-2 (ಒಂದು ಪ್ರೋಟೀನ್) ಪರೀಕ್ಷೆಗಳ ಫಲಿತಾಂಶ ಕೆಡಬಹುದು. ಕ್ಯಾನ್ಸರ್ ಅಂತಾದರೆ ಯಾವ ಔಷಧಿ ಅನ್ನುವುದು ಅವುಗಳ ಮೇಲೇ ನಿಂತಿರುತ್ತದೆ.