ಪ್ರಶ್ನೋತ್ತರ: ಮಳೆಗಾಲ ಕಳೆದ ಮೇಲೆ ಪಿಸ್ಟನ್ ವಿಮಾನದ ಎಂಜಿನ್

ನಿರ್ವಾಹಕರು: ಸದಸ್ಯರೆಲ್ಲರಿಗೂ ನಮಸ್ಕಾರ. ಸಣ್ಣ ಪಿಸ್ಟನ್ ವಿಮಾನಗಳ ನಿರ್ವಹಣೆಯಲ್ಲಿ ಮೂರು ದಶಕ ಕಳೆದು, ಈಗ ಕಾರ್ಕಳದ ಹತ್ತಿರ ತೋಟ ನೋಡಿಕೊಂಡಿರುವ ನಮ್ಮ ಹಿರಿಯ ಎಂಜಿನಿಯರರು ಈ ವಾರದ ಸಂಜೆಗಳಲ್ಲಿ ಬಿಡುವು ಮಾಡಿಕೊಂಡು ಉತ್ತರಿಸಲು ಒಪ್ಪಿದ್ದಾರೆ. ಎಂದಿನಂತೆ ತಮ್ಮ ಊರಿನ ಹೆಸರಿನಲ್ಲೇ ಬರೆಯಿರಿ. ವಿಮಾನದ ಮಾದರಿ, ಎಂಜಿನ್ ಮತ್ತು ಕೊನೆಯ ಸಲ ಹಾರಿಸಿದ ದಿನವನ್ನು ತಪ್ಪದೆ ತಿಳಿಸಿ.

ಬಿಜೈ: ನಮಸ್ಕಾರ ಸರ್. ನಾವು ಮೂವರು ಪಾಲುಗಾರರಾಗಿ ಕೊಂಡ ಸೆಸ್ನಾ 172 ಜೂನ್ ಮೊದಲ ವಾರದಿಂದ ಬಜಪೆಯ ವಿಮಾನ ನಿಲ್ದಾಣದಲ್ಲಿ ನಿಂತಿದೆ. ಎಂಜಿನ್ ಲೈಕಾಮಿಂಗ್. ಕೆಡದಿರಲೆಂದು ಪ್ರತಿ ಭಾನುವಾರ ಸರದಿಯಂತೆ ಹೋಗಿ, ಹತ್ತು ನಿಮಿಷ ಎಂಜಿನ್ ಚಾಲೂ ಮಾಡಿ ಬರುತ್ತಿದ್ದೇವೆ. ಇಷ್ಟು ಸಾಕಾಗುತ್ತದೆಯೇ?

ಎಂಜಿನಿಯರ್: ನಮಸ್ಕಾರ. ತಾವು ಎಂಜಿನನ್ನು ಕಾಪಾಡುತ್ತಿಲ್ಲ, ವಾರವಾರವೂ ಅದರೊಳಗೆ ನೀರು ತುಂಬುತ್ತಿದ್ದೀರಿ. ಒಂದು ಲೀಟರ್ ಪೆಟ್ರೋಲ್ ಉರಿದರೆ ಹೆಚ್ಚುಕಡಿಮೆ ಒಂದು ಲೀಟರಿನಷ್ಟೇ ನೀರು ಆವಿಯ ರೂಪದಲ್ಲಿ ಹುಟ್ಟುತ್ತದೆ. ಅದರಲ್ಲಿ ಸ್ವಲ್ಪ ಪಾಲು ಪಿಸ್ಟನ್ ರಿಂಗುಗಳ ಸಂದಿಯಿಂದ ನುಸುಳಿ ಎಂಜಿನಿನ ಹೊಟ್ಟೆಯಾದ ಕ್ರ್ಯಾಂಕ್‌ಕೇಸಿಗೆ ಇಳಿಯುತ್ತದೆ. ಆಯಿಲ್ ಸುಮಾರು 82 ಡಿಗ್ರಿ ಸೆಲ್ಸಿಯಸ್ ಮುಟ್ಟಿ ಅಲ್ಲೇ ಬಹಳ ಹೊತ್ತು ನಿಂತರೆ ಮಾತ್ರ ಆ ನೀರು ಮತ್ತೆ ಆವಿಯಾಗಿ ಹೊರಗೆ ಹೋಗುತ್ತದೆ, ನೆಲದ ಮೇಲಿನ ಹತ್ತು ನಿಮಿಷದಲ್ಲಿ ಅದು ಆಗುವ ಮಾತಲ್ಲ. ಇದರ ಮೇಲೆ, ಲೈಕಾಮಿಂಗ್ ಎಂಜಿನಿನಲ್ಲಿ ವಾಲ್ವುಗಳನ್ನು ತೆರೆಯಿಸುವ ಕ್ಯಾಮ್‌ಶಾಫ್ಟ್ ಇರುವುದು ಪಿಸ್ಟನ್ನುಗಳು ತಿರುಗಿಸುವ ಕ್ರ್ಯಾಂಕ್‌ಶಾಫ್ಟಿನ ಮೇಲುಗಡೆ. ನಿಂತ ಎಂಜಿನಿನಲ್ಲಿ ಆಯಿಲೆಲ್ಲ ಕೆಳಗೆ ಇಳಿದುಹೋದ ಮೇಲೆ ನಮ್ಮ ಕರಾವಳಿಯ ತೇವಕ್ಕೆ ಮೊದಲು ತುಕ್ಕು ಹಿಡಿಯುವುದು ಅದಕ್ಕೇ. ಹಾರಿಸುವುದಾದರೆ ಒಂದು ಗಂಟೆಗೆ ಕಡಿಮೆಯಿಲ್ಲದಂತೆ ಹಾರಿಸಿ. ಹಾರಿಸುವುದಿಲ್ಲವಾದರೆ ಮೇ ತಿಂಗಳಲ್ಲೇ ಸಂರಕ್ಷಣೆಯ ಆಯಿಲ್ ತುಂಬಿಸಿ ಒಮ್ಮೆ ಹಾರಿಸಿ, ಮೇಲಿನ ಸ್ಪಾರ್ಕ್ ಪ್ಲಗ್ಗುಗಳ ಜಾಗದಲ್ಲಿ ಸಿಲಿಕಾ ಜೆಲ್ ತುಂಬಿದ ಪ್ಲಗ್ಗುಗಳನ್ನು ಕೂರಿಸಿ, ಗಾಳಿ ಹೋಗುವ ಬಾಯಿಗಳನ್ನೆಲ್ಲ ಮುಚ್ಚಿಸಿ. ಜೆಲ್ ನೀಲಿ ಇದ್ದದ್ದು ಗುಲಾಬಿಗೆ ತಿರುಗಿದರೆ ಬದಲಿಸಿ. ಅದರ ಮೇಲೆ ಸೆಪ್ಟೆಂಬರಿನವರೆಗೆ ಎಂಜಿನ್ ಮುಟ್ಟಬೇಡಿ.

ಕಿನ್ನಿಗೋಳಿ: ಬೇರೊಂದು ಗುಂಪಿನಲ್ಲಿ ಬಂದದ್ದನ್ನು ಹಾಕುತ್ತಿದ್ದೇನೆ: “ನಿಂತ ವಿಮಾನಕ್ಕೆ ಸುಲಭ ಉಪಾಯ! ವಾರಕ್ಕೊಮ್ಮೆ ಪ್ರೊಪೆಲ್ಲರನ್ನು ಕೈಯಿಂದ ಹತ್ತು ಸುತ್ತು ತಿರುಗಿಸಿ, ಒಳಗೆಲ್ಲ ಆಯಿಲ್ ಹರಡಿ ತುಕ್ಕು ಹತ್ತಿರ ಸುಳಿಯದು. ಎಲ್ಲರಿಗೂ ಕಳುಹಿಸಿ.”

ಎಂಜಿನಿಯರ್: ಯಾರಿಗೂ ಕಳುಹಿಸಬೇಡಿ. ಕೈಯಿಂದ ತಿರುಗಿಸಿದಾಗ ಆಯಿಲ್ ಒತ್ತಡವೇ ಏಳುವುದಿಲ್ಲ, ಕ್ಯಾಮಿನ ಮೇಲೆ ಉಳಿದಿದ್ದ ತೆಳುಪದರವೂ ಒರೆಸಿಹೋಗುತ್ತದೆ. ಅದಕ್ಕಿಂತ ದೊಡ್ಡ ಅಪಾಯ ಬೇರೆ ಇದೆ. ಪ್ಲಗ್ಗುಗಳಿಗೆ ಕಿಡಿ ಕೊಡುವ ಮ್ಯಾಗ್ನೆಟೊ ತನ್ನ ವಿದ್ಯುತ್ತನ್ನು ತಾನೇ ಹುಟ್ಟಿಸಿಕೊಳ್ಳುತ್ತದೆ. ಅದಕ್ಕೆ ಬ್ಯಾಟರಿ ಬೇಡ. ಸ್ವಿಚ್ ಆಫ್ ಎಂದರೆ ಆ ಮ್ಯಾಗ್ನೆಟೊವನ್ನು ಒಂದು ತಂತಿಯಿಂದ ವಿಮಾನದ ಲೋಹದ ಮೈಗೆ ಜೋಡಿಸಿ ಕಿಡಿ ತಡೆಯುವುದು, ಅಷ್ಟೇ. ಆ ತಂತಿ ತುಂಡಾಗಿದ್ದರೆ ಕೀಲಿ ನಿಮ್ಮ ಜೇಬಿನಲ್ಲಿದ್ದರೂ ಎಂಜಿನ್ ಹೊತ್ತಿಕೊಳ್ಳಬಲ್ಲದು. ನಾನು ಕಲಿಯುತ್ತಿದ್ದ ಕಾಲದಲ್ಲಿ, ಪ್ರೊಪೆಲ್ಲರ್ ಒರೆಸುತ್ತಿದ್ದ ಸಹಾಯಕನೊಬ್ಬ ಅದನ್ನು ಒಂದು ಗೇಣು ಸರಿಸಿದ್ದಕ್ಕೇ ಎಂಜಿನ್ ಒಂದು ಸಲ ಒದೆಯಿತು. ಅವನ ಬಲಗೈಯ ಎರಡು ಬೆರಳು ಮತ್ತೆ ಮಡಚಲಿಲ್ಲ. ಅಗತ್ಯವಿಲ್ಲದೆ ಪ್ರೊಪೆಲ್ಲರನ್ನು ಮುಟ್ಟಬೇಡಿ. ಮುಟ್ಟಲೇಬೇಕಾದಾಗ ಎಂಜಿನ್ ಚಾಲೂ ಆಗುತ್ತದೆ ಎಂದೇ ತಿಳಿದು ನಿಲ್ಲಿ.

ಪಡುಬಿದ್ರಿ: ಸರ್, ನಮ್ಮ ಜಿಲ್ಲೆಗಳಲ್ಲಿ ಖಾಸಗಿ ವಿಮಾನಕ್ಕೆ ಹ್ಯಾಂಗರ್ ಸಿಗುವುದಾದರೆ ತಿಂಗಳ ಬಾಡಿಗೆ ಎಷ್ಟಾಗಬಹುದು?

ಮಣಿಪಾಲ: ಸರ್, ನನ್ನದು ಸೆಸ್ನಾ 172ಪಿ, ಎಂಜಿನ್ ಲೈಕಾಮಿಂಗ್ ಓ-320-ಡಿ2ಜೆ, ಓವರ್‌ಹಾಲ್ (ಪೂರ್ತಿ ಬಿಚ್ಚಿ ಸರಿಪಡಿಸುವುದು) ಆಗಿ 1,340 ಗಂಟೆ. ಮಳೆ ಬಿಟ್ಟ ಮೇಲೆ ಮೂರು ಸಲ ಹಾರಿಸಿದ್ದೇನೆ. ಮೂರೂ ಸಲ ಬೆಳಿಗ್ಗೆ ಮೊದಲು ಚಾಲೂ ಮಾಡಿದಾಗ ಎಂಜಿನ್ ಒಂದು ನಿಮಿಷ ಕುಂಟಿದಂತೆ ನಡುಗಿತು. ಆಮೇಲೆ ತಾನೇ ಸರಿಹೋಗಿ ಗಡಿಯಾರದಂತೆ ಓಡಿತು. ಒಂದೊಂದೇ ಮ್ಯಾಗ್ನೆಟೊದ ಮೇಲೆ ಓಡಿಸಿ ನೋಡುವ ಮ್ಯಾಗ್ನೆಟೊ ಪರೀಕ್ಷೆಯಲ್ಲಿ ಎರಡೂ ಕಡೆ ಆರ್‌ಪಿಎಂ ಇಳಿತ ಮಿತಿಯೊಳಗೇ ಇತ್ತು. ಪ್ಲಗ್ಗುಗಳನ್ನು ತೊಳೆಸಿದ್ದೇನೆ. ಈ ಭಾನುವಾರ ಹೆಂಡತಿ ಮತ್ತು ಮಗಳ ಜೊತೆ ಘಟ್ಟ ದಾಟಿ ಬೆಂಗಳೂರಿನ ಜಕ್ಕೂರಿಗೆ ಹೋಗುವವನಿದ್ದೇನೆ. ಚಳಿಗೆ ಹೀಗಾಗುತ್ತದೆ ಎಂದು ಕೆಲವರು ಹೇಳುತ್ತಾರೆ.

ಎಂಜಿನಿಯರ್: ಭಾನುವಾರ ಹಾರಬೇಡಿ. ಉಳಿದದ್ದನ್ನು ನಿಧಾನವಾಗಿ ಓದಿ.

ಮಂಗಳೂರಿನ ಬೆಳಗಿನ 24 ಡಿಗ್ರಿ ಯಾವ ಎಂಜಿನಿಗೂ ಚಳಿಯಲ್ಲ. ತಾವು ಹೇಳಿದ ಲಕ್ಷಣಕ್ಕೆ ನಮ್ಮ ವೃತ್ತಿಯಲ್ಲಿ ‘ಬೆಳಗಿನ ಕಾಯಿಲೆ’ ಎಂದೇ ಹೆಸರಿದೆ, ಮತ್ತು ನೂರಕ್ಕೆ ತೊಂಬತ್ತು ಪಾಲು ಅದು ಸುಟ್ಟ ಹೊಗೆಯನ್ನು ಹೊರಬಿಡುವ ಎಕ್ಸಾಸ್ಟ್ ವಾಲ್ವ್ ತನ್ನ ಗೈಡಿನಲ್ಲಿ ಸಿಕ್ಕಿಕೊಳ್ಳುತ್ತಿರುವುದರ ಗುರುತು ಎಂಬುದು ನನ್ನ ಅನುಭವ. ವಾಲ್ವಿನ ಕಾಂಡ ಗೈಡ್ ಎಂಬ ಲೋಹದ ಕೊಳವೆಯೊಳಗೆ ಮೇಲೆ ಕೆಳಗೆ ಆಡುತ್ತದೆ. ನಾವು ತುಂಬಿಸುವ ನೀಲಿ ಬಣ್ಣದ 100ಎಲ್‌ಎಲ್ ಪೆಟ್ರೋಲಿನ ಹೆಸರಿನಲ್ಲಿ ‘ಕಡಿಮೆ ಸೀಸ’ ಎಂದಿದ್ದರೂ ಒಂದು ಲೀಟರಿನಲ್ಲಿ 0.56 ಗ್ರಾಂವರೆಗೆ ಸೀಸ ಇರಬಹುದು. ಆ ಸೀಸ ಮತ್ತು ಸುಟ್ಟ ಆಯಿಲಿನ ಮಸಿ ಸೇರಿ ಆ ಕೊಳವೆಯ ಗೋಡೆಗೆ ಕಲ್ಲಿನಂತೆ ಕಟ್ಟುತ್ತವೆ. ಎಂಜಿನ್ ತಣ್ಣಗಿದ್ದಾಗ ವಾಲ್ವ್ ಅರ್ಧ ತೆರೆದಲ್ಲೇ ಸಿಕ್ಕಿಬೀಳುತ್ತದೆ, ಆ ಸಿಲಿಂಡರ್ ಕೆಲಸ ಮಾಡುವುದಿಲ್ಲ, ಎಂಜಿನ್ ನಡುಗುತ್ತದೆ. ಬಿಸಿಯೇರಿ ಸಂದಿ ಅಗಲವಾದೊಡನೆ ವಾಲ್ವ್ ಬಿಡಿಸಿಕೊಳ್ಳುತ್ತದೆ. ತಾವು ಮ್ಯಾಗ್ನೆಟೊ ಪರೀಕ್ಷೆ ಮಾಡುವುದು ಎಂಜಿನ್ ಬೆಚ್ಚಗಾದ ಮೇಲೆ. ಅಷ್ಟು ಹೊತ್ತಿಗೆ ಕಳ್ಳ ಮನೆ ಬಿಟ್ಟಿರುತ್ತಾನೆ.

ಇಂದು ಒಂದು ನಿಮಿಷಕ್ಕೆ ಬಿಟ್ಟದ್ದು ನಾಳೆ ಬಿಡದಿರಬಹುದು. ಮುಚ್ಚಿದಲ್ಲೇ ಸಿಕ್ಕಿದರೆ ಅದನ್ನು ತೆರೆಯಲು ತಳ್ಳುವ ಪುಶ್‌ರಾಡ್ ಎಂಬ ಕಂಬಿ ಬಾಗುತ್ತದೆ, ತೆರೆದಲ್ಲೇ ಸಿಕ್ಕಿದರೆ ಪಿಸ್ಟನ್ ಬಂದು ಅದಕ್ಕೆ ಬಡಿಯಬಹುದು. ನಾಲ್ಕು ಸಿಲಿಂಡರಿನಲ್ಲಿ ಒಂದು ಹೋದರೆ ಕಾಲು ಭಾಗದ ಬಲ ಮಾತ್ರ ಹೋಗುವುದಿಲ್ಲ, ಸತ್ತ ಸಿಲಿಂಡರನ್ನು ಉಳಿದ ಮೂರು ಎಳೆಯಬೇಕು. ಬಜಪೆಯ ರನ್‌ವೇ ಗುಡ್ಡದ ನೆತ್ತಿಯಲ್ಲಿದೆ, ಅದು ಮುಗಿದಲ್ಲಿ ಕಣಿವೆ. ಅಲ್ಲಿಂದ ಮುಂದೆ ತಾವು ದಾಟಬೇಕಾದದ್ದು 1,894 ಮೀಟರಿನ ಕುದುರೆಮುಖ ನಿಂತಿರುವ ಸಾಲು. ಆ ಕಾಡಿನಲ್ಲಿ ಇಳಿಸಲು ಗದ್ದೆಯ ತುಂಡೂ ಸಿಗುವುದಿಲ್ಲ.

ಪರವಾನಗಿ ಇರುವ ಎಂಜಿನಿಯರರನ್ನು ಕರೆಸಿ ಹೀಗೆ ಹೇಳಿ. ತಣ್ಣನೆಯ ಎಂಜಿನನ್ನು ಚಾಲೂ ಮಾಡಿ, ನಡುಗುತ್ತಿರುವಾಗಲೇ ನಿಲ್ಲಿಸಿ, ಯಾವ ಎಕ್ಸಾಸ್ಟ್ ಪೈಪು ಬಿಸಿಯಾಗಿಲ್ಲ ಎಂದು ದೂರದಿಂದ ತಾಪ ಅಳೆಯುವ ಉಪಕರಣದಿಂದ ನೋಡಲಿ. ಸಿಲಿಂಡರ್ ಯಾವುದೆಂದು ತಿಳಿದ ಮೇಲೆ ಅದನ್ನು ಕಳಚಲೇಬೇಕೆಂದಿಲ್ಲ. ವಾಲ್ವುಗಳ ಮೇಲಿನ ರಾಕರ್ ಮುಚ್ಚಳ ತೆಗೆದು, ಪ್ಲಗ್ಗಿನ ತೂತಿನಿಂದ ಶುಭ್ರವಾದ ನೈಲಾನ್ ಹಗ್ಗವನ್ನು ಒಂದೊಂದೇ ಮಾರು ಒಳಗೆ ತುಂಬಿ, ತುದಿಯನ್ನು ಹೊರಗೇ ಉಳಿಸಿಕೊಂಡು, ಪಿಸ್ಟನನ್ನು ನಿಧಾನವಾಗಿ ಮೇಲೆ ತಂದರೆ ಹಗ್ಗದ ಸಿಂಬಿ ವಾಲ್ವನ್ನು ಕೆಳಗಿನಿಂದ ಒತ್ತಿ ಹಿಡಿಯುತ್ತದೆ. ಆಗ ಸ್ಪ್ರಿಂಗುಗಳನ್ನು ಬಿಚ್ಚಬಹುದು. ಬಳಿಕ ಹಗ್ಗ ಎಳೆದು, ವಾಲ್ವನ್ನು ಒಳಗೆ ಇಳಿಬಿಟ್ಟು, ಗ್ರೀಸ್ ಹಚ್ಚಿದ ಸರಿಯಾದ ಅಳತೆಯ ರೀಮರ್ ಎಂಬ ಕೆರೆಯುವ ಉಪಕರಣದಿಂದ ಗೈಡನ್ನು ಕೈಯಲ್ಲೇ ತಿರುಗಿಸಿ ಶುಚಿ ಮಾಡುತ್ತಾರೆ. ರೀಮರಿಗೆ ಅಂಟಿ ಬರುವ ಕಪ್ಪು ಮೇಣದಂಥ ಮಸಿಯನ್ನು ತಾವೇ ನಿಂತು ನೋಡಿ. ಪುಶ್‌ರಾಡ್ ಬಾಗಿದೆಯೇ ಎಂದು ಗಾಜಿನ ಮೇಲೆ ಉರುಳಿಸಿ ನೋಡಲು ಮರೆಯಬಾರದು. ಲೈಕಾಮಿಂಗಿನ 388ನೆಯ ಸರ್ವಿಸ್ ಬುಲೆಟಿನ್ (ತಯಾರಕರ ಸೂಚನಾಪತ್ರ) ಗೈಡಿನ ಸವೆತ ಅಳೆಯುವುದರ ಬಗ್ಗೆಯೇ ಇದೆ. ಲಾಗ್‌ಬುಕ್ಕಿನಲ್ಲಿ ಅದು ಕೊನೆಯ ಸಲ ಆದದ್ದು ಯಾವಾಗ?

ಕದ್ರಿ: ಎಂಜಿನಿಯರರು ಅನಗತ್ಯವಾಗಿ ಹೆದರಿಸುತ್ತಿದ್ದಾರೆ ಎನಿಸುತ್ತದೆ. ನನ್ನ ಎಂಜಿನ್ ಎರಡು ವರ್ಷದಿಂದ ಹೀಗೆಯೇ ನಡುಗಿ ಸರಿಹೋಗುತ್ತಿದೆ, ಇದುವರೆಗೆ ಏನೂ ಆಗಿಲ್ಲ.

ಎಂಜಿನಿಯರ್: ಎರಡು ವರ್ಷ ಗೊತ್ತಿದ್ದೂ ಲಾಗ್‌ಬುಕ್ಕಿನಲ್ಲಿ ಬರೆಯಲಿಲ್ಲವೇ?

ಕಾಪು: ಇಷ್ಟೆಲ್ಲ ರಗಳೆ ಸೀಸದ ಪೆಟ್ರೋಲಿನಿಂದಲೇ ಬಂದದ್ದಾದರೆ ಅದನ್ನು ಏಕೆ ಹಾಕಬೇಕು? ನನ್ನ ಮೈಕ್ರೋಲೈಟಿನಲ್ಲಿ (ಪುಟ್ಟ ಹಗುರ ವಿಮಾನ) ರೋಟಾಕ್ಸ್ 912 ಎಂಜಿನ್ ಇದೆ. ಹೆದ್ದಾರಿಯ ಬಂಕಿನಿಂದ ಕ್ಯಾನಿನಲ್ಲಿ ಪೆಟ್ರೋಲ್ ತಂದು ಹಾಕುತ್ತೇನೆ, ವಾಲ್ವಿನ ತೊಂದರೆ ಒಂದು ದಿನವೂ ಬಂದಿಲ್ಲ.

ಕದ್ರಿ: ಬಂಕಿನ ಪೆಟ್ರೋಲನ್ನು ಸೆಸ್ನಾಕ್ಕೆ ಹಾಕಲು ಹೇಳುತ್ತಿದ್ದೀರಾ? ಮೈಕ್ರೋಲೈಟಿನವರು ಮೈಕ್ರೋಲೈಟಿನ ಮಾತು ಆಡಿದರೆ ಸಾಕು.

ಕಾಪು: ಸೆಸ್ನಾಕ್ಕೆ ಹಾಕಿ ಎಂದು ನಾನು ಎಲ್ಲಿ ಬರೆದೆ? ಓದಿ ಮಾತನಾಡಿ. 450 ಕಿಲೋ ಒಳಗಿನದೂ ವಿಮಾನವೇ. ನಾನು ವರ್ಷಕ್ಕೆ ನೂರು ಗಂಟೆ ಹಾರುತ್ತೇನೆ. ನಿಮ್ಮದು ಎಷ್ಟು ಗಂಟೆ ಹಾರಿದೆ, ಎಷ್ಟು ತಿಂಗಳು ಟಾರ್ಪಾಲಿನ ಕೆಳಗೆ ಇತ್ತು ಎಂಬುದು ಬಜಪೆಯಲ್ಲಿ ಎಲ್ಲರಿಗೂ ಗೊತ್ತಿದೆ.

ಕದ್ರಿ: ಗಂಟೆ ಎಣಿಸುವ ಪಂಥವಲ್ಲ ಇದು ಮಾರಾಯ್ರೇ.

ಎಂಜಿನಿಯರ್: ಇಬ್ಬರಿಗೂ ಒಂದೇ ಉತ್ತರ. ಬಂಕಿನಲ್ಲಿ ಈಗ ಸಿಗುವುದು ಶೇಕಡಾ 20 ಎಥನಾಲ್ ಬೆರೆತ ಪೆಟ್ರೋಲ್. ಎಥನಾಲ್ ಗಾಳಿಯ ತೇವವನ್ನು ಹೀರುತ್ತದೆ, ಹಳೆಯ ರಬ್ಬರಿನ ಸೀಲು ಮತ್ತು ಪೈಪುಗಳನ್ನು ಕೆಡಿಸುತ್ತದೆ, ಮತ್ತು ಮೇಲೆ ತಂಪು ಗಾಳಿಯಲ್ಲಿ ಹೀರಿದ ನೀರಿನೊಡನೆ ಬೇರ್ಪಟ್ಟು ಟ್ಯಾಂಕಿನ ತಳಕ್ಕೆ ಇಳಿಯಬಲ್ಲದು. ಸೆಸ್ನಾಕ್ಕೆ ಅದು ಸಲ್ಲದು. ಕಾಪುವಿನವರ ರೋಟಾಕ್ಸಿಗೆ ತಯಾರಕರು ಒಪ್ಪಿರುವುದು ಶೇಕಡಾ 10ರವರೆಗೆ ಮಾತ್ರ, ಹಾಗಾಗಿ ತಾವೂ ಮಿತಿ ದಾಟಿದ್ದೀರಿ. 100ಎಲ್‌ಎಲ್ ಸಿಗುವುದಿಲ್ಲ ಎಂಬ ನೆಪವೂ ಮೊದಲಿನಷ್ಟು ಗಟ್ಟಿಯಲ್ಲ. 2022ರಲ್ಲಿ ಇಂಡಿಯನ್ ಆಯಿಲ್ ಅದನ್ನು ಇಲ್ಲೇ ತಯಾರಿಸತೊಡಗಿದೆ, ಅದಕ್ಕೆ ಮೊದಲು ಆಮದೇ ಗತಿಯಾಗಿತ್ತು.

ಸುರತ್ಕಲ್: ಸರ್, ವಾರಕ್ಕೊಮ್ಮೆ ಎಂಜಿನ್ ಚಾಲೂ ಮಾಡಿಡುವುದು ಒಳ್ಳೆಯದಲ್ಲವೇ?

ಎಂಜಿನಿಯರ್: ಬಿಜೈಯವರಿಗೆ ಬರೆದದ್ದನ್ನು ಓದಿ.

ಉಳ್ಳಾಲ: ಕಳೆದ ಅಕ್ಟೋಬರಿನಲ್ಲಿ ಬಜಪೆಗೆ ಇಳಿಯಲು ಪವರ್ ತಗ್ಗಿಸಿದಾಗ ಆರ್‌ಪಿಎಂ ತಾನಾಗಿ ಕುಸಿದು ಎಂಜಿನ್ ಒರಟಾಯಿತು. ಹೊರಗೆ 26 ಡಿಗ್ರಿ ಇತ್ತು. ಪೆಟ್ರೋಲ್ ಮತ್ತು ಗಾಳಿ ಬೆರೆಸುವ ಕಾರ್ಬುರೇಟರಿನಲ್ಲಿ ಮಂಜುಗಡ್ಡೆ ಎಂದರೆ ನಮ್ಮ ಸೆಖೆಯಲ್ಲಿ ನಂಬುವುದು ಹೇಗೆ?

ಎಂಜಿನಿಯರ್: ನಂಬಲೇಬೇಕು. ಪೆಟ್ರೋಲ್ ಆವಿಯಾಗುವಾಗ ಮತ್ತು ಗಾಳಿ ಕಿರಿದಾದ ಕುತ್ತಿಗೆಯಲ್ಲಿ ಹಾಯುವಾಗ ಕಾರ್ಬುರೇಟರಿನೊಳಗಿನ ತಾಪ 20 ಡಿಗ್ರಿಗಿಂತಲೂ ಹೆಚ್ಚು ಇಳಿಯಬಲ್ಲದು. ಕಡಲ ತೇವ ಅಲ್ಲೇ ಹೆಪ್ಪುಗಟ್ಟುತ್ತದೆ. ಪವರ್ ತಗ್ಗಿಸುವ ಮೊದಲೇ, ಅದಕ್ಕೆ ಬಿಸಿ ಗಾಳಿ ಬಿಡುವ ಕಾರ್ಬ್ ಹೀಟ್ ಹಿಡಿಕೆಯನ್ನು ಪೂರ್ತಿ ಎಳೆಯಿರಿ. ಕರಗಿದ ನೀರು ಕುಡಿಯುವಾಗ ಎಂಜಿನ್ ಇನ್ನಷ್ಟು ಒರಟಾಗುತ್ತದೆ, ಆಗ ಗಾಬರಿಯಿಂದ ಅದನ್ನು ಮತ್ತೆ ಒಳಗೆ ತಳ್ಳುವವರೇ ಹೆಚ್ಚು. ತಳ್ಳಬೇಡಿ.

ಮಲ್ಪೆ: ಸಮುದ್ರದ ಇಳಿತದ ಹೊತ್ತಿನಲ್ಲಿ ಮಲ್ಪೆಯ ಮರಳಿನ ಮೇಲೆ ಇಳಿಸಬಹುದೇ?

ಎಂಜಿನಿಯರ್: ಇಲ್ಲ.

ಕಿನ್ನಿಗೋಳಿ: ಇನ್ನೊಂದು ಬಂದಿದೆ ಸರ್. ಕಂಟ್ರೋಲ್ ಕೇಬಲ್ಲುಗಳಿಗೆ ಕಾಯಿಸಿದ ತೆಂಗಿನೆಣ್ಣೆ ಸವರಿದರೆ ಉಪ್ಪುಗಾಳಿ ತಾಗುವುದಿಲ್ಲ, ಕಾಕ್‌ಪಿಟ್ಟಿನಲ್ಲಿ ಕುಚ್ಚಲಕ್ಕಿಯ ಗಂಟು ಕಟ್ಟಿದರೆ ತೇವ ಹೀರುತ್ತದೆ, ಸಿಕ್ಕಿದ ವಾಲ್ವಿಗೆ ಪೆಟ್ರೋಲಿನಲ್ಲಿ ಒಂದು ಕುಡ್ತೆ ಹರಳೆಣ್ಣೆ ಬೆರೆಸಿದರೆ ತಾನೇ ಬಿಡುತ್ತದೆ ಎಂದಿದೆ.

ಎಂಜಿನಿಯರ್: ಕುಚ್ಚಲಕ್ಕಿಗೆ ಇಲಿ ಬರುತ್ತದೆ, ಇಲಿ ವೈರು ಕಡಿಯುತ್ತದೆ. ತೆಂಗಿನೆಣ್ಣೆ ಧೂಳು ಹಿಡಿದು ಅಂಟಾಗಿ ಕೇಬಲ್ಲಿನ ಎಳೆ ತುಂಡಾದದ್ದನ್ನೂ ಮುಚ್ಚಿಡುತ್ತದೆ. ಸಿಹಿನೀರಿನಲ್ಲಿ ತೊಳೆದು, ವಿಮಾನಕ್ಕೆಂದೇ ಇರುವ ತುಕ್ಕುನಿರೋಧಕವನ್ನು ಹಚ್ಚಿಸಿ. ಮೂರನೆಯದರ ಬಗ್ಗೆ ಹೇಳಬೇಕೆಂದರೆ, ಮೇಲೆ ಒಬ್ಬರು ಹೆಂಡತಿ ಮಗಳನ್ನು ಕೂರಿಸಿಕೊಂಡು ಹಾರುವವರಿದ್ದಾರೆ. ಅವರು ನಿಮ್ಮ ಈ ಸಂದೇಶವನ್ನು ಓದಿ ಹರಳೆಣ್ಣೆ ಬೆರೆಸಿದರೆ ಹೊಣೆ ಯಾರದು? ಇನ್ನು ಮುಂದೆ ಇಂಥದ್ದು ಬಂದರೆ ನಾನು ಉತ್ತರಿಸುವುದಿಲ್ಲ.

ಕಿನ್ನಿಗೋಳಿ: ತಿಳಿಯಲೆಂದು ಹಾಕಿದ್ದು. ಇಷ್ಟು ಸಿಟ್ಟಾಗುವ ಅಗತ್ಯವಿರಲಿಲ್ಲ.

ಪಡುಬಿದ್ರಿ: ಹ್ಯಾಂಗರ್ ಬಾಡಿಗೆಯ ಬಗ್ಗೆ ಕೇಳಿದ್ದೆ.

ಶಿರ್ವ: ಎಂಜಿನ್ ನಿಂತಿದ್ದಾಗ ವಾರಕ್ಕೊಮ್ಮೆ ಚಾಲೂ ಮಾಡಬೇಕೇ ಬೇಡವೇ ಎಂಬುದನ್ನು ಒಂದೇ ಸಾಲಿನಲ್ಲಿ ತಿಳಿಸಿದರೆ ಉಪಕಾರವಾಗುತ್ತದೆ.

ಎಂಜಿನಿಯರ್: ಬೇಡ.

ಮಣಿಪಾಲ: ಸರ್, ಭಾನುವಾರದ ಪ್ರಯಾಣ ಕೈಬಿಟ್ಟು, ನಿನ್ನೆ ಎಂಜಿನಿಯರರನ್ನು ಕರೆಸಿದೆ. ಮೂರನೆಯ ಸಿಲಿಂಡರಿನ ಪೈಪು ತಣ್ಣಗಿತ್ತು. ಗೈಡಿನಿಂದ ಬಂದ ಮಸಿ ಎರಡು ಚಿಂದಿಬಟ್ಟೆ ತುಂಬಿತು. ಪುಶ್‌ರಾಡನ್ನು ಕಿಟಕಿಯ ಗಾಜಿನ ಮೇಲೆ ಉರುಳಿಸಿದಾಗ ಅದು ಪ್ರತಿ ಸುತ್ತಿಗೂ ಒಂದು ಕಡೆ ಎದ್ದು ಬೀಳುತ್ತಿತ್ತು. ಕಣ್ಣಿಗೆ ಮಾತ್ರ ನೆಟ್ಟಗೆ ಕಾಣುತ್ತಿತ್ತು. ಹೊಸದನ್ನು ತರಿಸಲು ಹೇಳಿದ್ದೇನೆ. ಗೈಡಿನ ಸವೆತ ಅಳೆದ ದಾಖಲೆ ಲಾಗ್‌ಬುಕ್ಕಿನಲ್ಲಿ ಸಿಗಲಿಲ್ಲ.

ಎಂಜಿನಿಯರ್: ಒಳ್ಳೆಯ ಕೆಲಸ ಮಾಡಿದಿರಿ. ಉಳಿದ ಮೂರು ಸಿಲಿಂಡರುಗಳೂ ಅದೇ ಪೆಟ್ರೋಲ್ ಕುಡಿದು ಅಷ್ಟೇ ದಿನ ನಿಂತಿವೆ. ಕವಚ ಬಿಚ್ಚಿರುವಾಗಲೇ ಅವುಗಳ ಗೈಡುಗಳನ್ನೂ ಅಳೆಸಿ, ಆಯಿಲ್ ಫಿಲ್ಟರ್ ಕತ್ತರಿಸಿ ಲೋಹದ ಚೂರುಗಳಿವೆಯೇ ನೋಡಿಸಿ. ಇನ್ನು ಮುಂದೆ ಟ್ಯಾಕ್ಸಿ ಮಾಡುವಾಗ, ಅಂದರೆ ನೆಲದ ಮೇಲೆ ಓಡಿಸುವಾಗ, ಮಿಕ್ಸ್ಚರನ್ನು (ಪೆಟ್ರೋಲ್-ಗಾಳಿಯ ಮಿಶ್ರಣ) ಎಂಜಿನ್ ತಡವರಿಸುವವರೆಗೂ ತೆಳುವಾಗಿಸಿ ಓಡಿಸಿ, ಸೀಸ ಕಟ್ಟುವುದು ಬಹಳಷ್ಟು ಕಡಿಮೆಯಾಗುತ್ತದೆ; ಏರುವ ಮುನ್ನ ಅದರ ಹಿಡಿಕೆಯನ್ನು ಮರಳಿ ಪೂರ್ತಿ ಒಳಗೆ ತಳ್ಳಲು ಮಾತ್ರ ಮರೆಯಬೇಡಿ. ಹೊಸ ಪುಶ್‌ರಾಡ್ ಹಾಕಿದ ಮೇಲೆ ಮೊದಲ ಒಂದು ಗಂಟೆ ಒಬ್ಬರೇ, ಬಜಪೆಯ ಮೇಲೆಯೇ ಸುತ್ತಿ.

ಕದ್ರಿ: ಸರ್, ಆ ಹಗ್ಗ ಎಷ್ಟು ದಪ್ಪದ್ದು ಇರಬೇಕು?

ಎಂಜಿನಿಯರ್: ಅದು ನಿಮಗೆ ಬೇಡ. ನಿಮ್ಮ ಎಂಜಿನಿಯರರಿಗೆ ಗೊತ್ತಿರುತ್ತದೆ, ನಾಳೆ ಬೆಳಿಗ್ಗೆ ಅವರಿಗೆ ಫೋನ್ ಮಾಡಿ.